ಫ್ಯೂಸು ಇಲ್ಲಿ ಪ್ಲಗ್ಗಿನೊಳಗಿದೆ

ಬ್ರಿಟನ್ನಿಗೆ ಹೊಸದಾಗಿ ಬರುವ ಕನ್ನಡದ ಸಂಸಾರಗಳ ಸಾಮಾನಿನಲ್ಲಿ ಮಿಕ್ಸಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ದೋಸೆಹಿಟ್ಟಿನ ವಿಷಯದಲ್ಲಿ ರಾಜಿಯಾಗದವರು ಟೇಬಲ್ ಟಾಪ್ ಗ್ರೈಂಡರನ್ನೂ ಹೊತ್ತು ತರುತ್ತಾರೆ. ತರುವುದರಲ್ಲಿ ತಪ್ಪೇನಿಲ್ಲ. ಊರಿನಲ್ಲಿ 230 ವೋಲ್ಟ್, 50 ಹರ್ಟ್ಜ್, ಇಲ್ಲಿಯೂ ಅಷ್ಟೇ. ಅಮೆರಿಕಕ್ಕೆ ಹೋದವರಂತೆ ಟ್ರಾನ್ಸ್‌ಫಾರ್ಮರ್ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಆದರೆ ಈ ಅನುಕೂಲದ ಬೆನ್ನಿಗೇ ಒಂದು ತಪ್ಪು ತಿಳಿವಳಿಕೆಯೂ ಬರುತ್ತದೆ. ವೋಲ್ಟೇಜು ಒಂದೇ ಎಂದಮೇಲೆ ಉಳಿದದ್ದು ಪಿನ್ನಿನ ಆಕಾರ ಮಾತ್ರ, ಅದನ್ನು ಹೇಗಾದರೂ ಹೊಂದಿಸಿಬಿಟ್ಟರೆ ಕೆಲಸ ಮುಗಿಯಿತು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ನನ್ನ ಮಾತು ಇಷ್ಟೇ: ಈ ಎರಡು ದೇಶಗಳಲ್ಲಿ ಕರೆಂಟಿನ ಮಿತಿಯನ್ನು ಕಾಯುವ ಜಾಗವೇ ಬೇರೆ. ಊರಿನಲ್ಲಿ ಗೋಡೆ ಮಾಡುತ್ತಿದ್ದ ಕೆಲಸದಲ್ಲಿ ಒಂದು ಪಾಲನ್ನು ಇಲ್ಲಿ ಪ್ಲಗ್ಗು ಮಾಡುತ್ತದೆ. ಆ ಪ್ಲಗ್ಗನ್ನು ಆಯ್ದು ಹಾಕುವವರು ನಾವೇ ಆದ್ದರಿಂದ ಆ ಪಾಲು ಕೊನೆಗೆ ನಮ್ಮ ಹೆಗಲಿಗೇ ಬರುತ್ತದೆ.

ಊರಿನ ವ್ಯವಸ್ಥೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಸ್ವಿಚ್ ಬೋರ್ಡಿನಲ್ಲಿ ದುಂಡು ಪಿನ್ನಿನ ಎರಡು ಅಳತೆಗಳಿವೆ. ಸಣ್ಣದನ್ನು ಈಗಲೂ 5 ಆಂಪ್ ಪ್ಲಗ್ಗು ಅನ್ನುತ್ತೇವೆ, ದೊಡ್ಡದನ್ನು 15 ಆಂಪ್ ಅಥವಾ ಪವರ್ ಪ್ಲಗ್ಗು ಅನ್ನುತ್ತೇವೆ. ಭಾರತೀಯ ಮಾನಕ ಐಎಸ್ 1293ರ ಈಗಿನ ಲೆಕ್ಕದಲ್ಲಿ ಅವು 6 ಮತ್ತು 16 ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟು ಬರುತ್ತದೆ: ಸಣ್ಣದರಲ್ಲಿ ಹೆಚ್ಚೆಂದರೆ 1380 ವ್ಯಾಟ್, ದೊಡ್ಡದರಲ್ಲಿ 3680 ವ್ಯಾಟ್. ಗೀಸರಿನ ಪ್ಲಗ್ಗು ಸಣ್ಣ ಸಾಕೆಟ್ಟಿನೊಳಗೆ ಹೋಗುವುದೇ ಇಲ್ಲ. ಹಾಗಾಗಿ ಲೆಕ್ಕ ಬಾರದವರನ್ನೂ ಪಿನ್ನಿನ ದಪ್ಪವೇ ತಡೆಯುತ್ತದೆ. ಆಕಾರ ನೋಡಿಯೇ ಕರೆಂಟಿನ ಅಂದಾಜು ಸಿಗುವ ಈ ಪದ್ಧತಿಗೆ ನಮ್ಮ ಕಣ್ಣು ಚಿಕ್ಕಂದಿನಿಂದ ಒಗ್ಗಿಹೋಗಿದೆ. ಈ ಪ್ಲಗ್ಗುಗಳು ಮೂಲದಲ್ಲಿ ಬ್ರಿಟನ್ನಿನವೇ ಎಂಬುದನ್ನೂ ಇಲ್ಲಿ ಹೇಳಬೇಕು. 1934ರಲ್ಲಿ ಬಂದ ಬಿಎಸ್ 546 ಎಂಬ ಮಾನಕದ 5 ಮತ್ತು 15 ಆಂಪಿಯರಿನ ಪ್ಲಗ್ಗುಗಳನ್ನು ನಾವು ಉಳಿಸಿಕೊಂಡೆವು, ಅವುಗಳನ್ನು ಕೊಟ್ಟವರು ತಮ್ಮ ಮನೆಗಳಲ್ಲಿ ಬಹುಮಟ್ಟಿಗೆ ಕೈಬಿಟ್ಟರು.

ಯಾಕೆ ಕೈಬಿಟ್ಟರು ಎಂಬುದರಲ್ಲೇ ನಮಗೆ ಬೇಕಾದ ಉತ್ತರವಿದೆ. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಬ್ರಿಟನ್ನಿನಲ್ಲಿ ಲಕ್ಷಗಟ್ಟಲೆ ಮನೆಗಳನ್ನು ಕಟ್ಟಬೇಕಾಗಿತ್ತು, ತಾಮ್ರಕ್ಕೆ ಮಾತ್ರ ಬರ. ಒಂದೊಂದು ದೊಡ್ಡ ಸಾಕೆಟ್ಟಿಗೂ ಫ್ಯೂಸ್ ಬೋರ್ಡಿನಿಂದ ಬೇರೆ ಬೇರೆ ವೈರು ಎಳೆಯುವುದು ದುಬಾರಿಯ ಬಾಬತ್ತು. ಆದ್ದರಿಂದ ಬೋರ್ಡಿನಿಂದ ಹೊರಟ ವೈರು ಹಲವು ಸಾಕೆಟ್ಟುಗಳನ್ನು ಮುಟ್ಟಿಕೊಂಡು ಮತ್ತೆ ಬೋರ್ಡಿಗೇ ಬಂದು ಸೇರುವ ಉಂಗುರದಂಥ ಜೋಡಣೆಯನ್ನು ತಂದರು. ಆ ಉಂಗುರಕ್ಕೆ ಆಗ 30 ಆಂಪಿಯರಿನ ಫ್ಯೂಸು, ಈಗ 32 ಆಂಪಿಯರಿನ ಎಂಸಿಬಿ. ಇಲ್ಲಿ ಒಂದು ತೊಡಕು ಎದ್ದಿತು. ಮೇಜಿನ ದೀಪದ ಸಣ್ಣ ವೈರು 3 ಆಂಪಿಯರನ್ನಷ್ಟೇ ತಾಳುತ್ತದೆ, ಅದರ ಹಿಂದೆ ನಿಂತ ಉಂಗುರವೋ 32 ಆಂಪಿಯರ್ ಕೊಡಲು ಸಿದ್ಧವಾಗಿರುತ್ತದೆ. ದೀಪದ ವೈರು ಕಾದು ಕರಗುವಷ್ಟು ಕರೆಂಟು ಹರಿದರೂ ಬೋರ್ಡಿನ ಫ್ಯೂಸಿಗೆ ಅದರ ಸುಳಿವೇ ಹತ್ತದೆ ಹೋಗಬಹುದು. ಹೀಗಾಗಿ ಪ್ರತಿಯೊಂದು ಪ್ಲಗ್ಗಿನೊಳಗೂ ಒಂದು ಪುಟ್ಟ ಫ್ಯೂಸನ್ನು ಇಟ್ಟರು. 1947ರಲ್ಲಿ ಬಿಎಸ್ 1363 ಎಂಬ ಹೆಸರಿನಲ್ಲಿ ಬಂದ, ಈಗ ನಮ್ಮೆಲ್ಲರ ಗೋಡೆಯಲ್ಲಿರುವ ಮೂರು ಚಪ್ಪಟೆ ಪಿನ್ನಿನ ಏರ್ಪಾಡು ಅದೇ. ಅದಕ್ಕೆ ದಾರಿ ಮಾಡಿದ ಇಪ್ಪತ್ತು ಜನರ ಸಮಿತಿಯಲ್ಲಿದ್ದ ಏಕೈಕ ಮಹಿಳೆ ಕ್ಯಾರೊಲಿನ್ ಹ್ಯಾಸ್ಲೆಟ್, ಮಕ್ಕಳ ಸುರಕ್ಷತೆಯ ಬಗ್ಗೆ ಒತ್ತಿ ಹೇಳಿದವರು. ಅರ್ತ್ ಪಿನ್ನು ಉಳಿದೆರಡಕ್ಕಿಂತ ಉದ್ದವಿರುವುದು, ಅದು ಒಳಹೊಕ್ಕ ಮೇಲಷ್ಟೇ ಕೆಳಗಿನ ಎರಡು ತೂತುಗಳ ಮುಚ್ಚಳ ತೆರೆದುಕೊಳ್ಳುವುದು, ಎಲ್ಲದರಲ್ಲೂ ಆ ಕಾಳಜಿಯ ಗುರುತಿದೆ.

ಈ ಬದಲಾವಣೆಯ ಫಲವೇನೆಂದರೆ ಇಲ್ಲಿಯ ಪ್ಲಗ್ಗಿನ ಆಕಾರ ಕರೆಂಟಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಮೇಜಿನ ದೀಪಕ್ಕೂ 3000 ವ್ಯಾಟಿನ ಕೆಟಲಿಗೂ ಒಂದೇ ಪ್ಲಗ್ಗು. ಹೇಳುವುದೇನಿದ್ದರೂ ಒಳಗಿನ ಫ್ಯೂಸು: ಕೆಂಪು ಬಣ್ಣದ್ದು 3 ಆಂಪಿಯರ್, ಕಂದು ಬಣ್ಣದ್ದು 13 ಆಂಪಿಯರ್, ನಡುವೆ 5 ಆಂಪಿಯರಿನದೂ ಸಿಗುತ್ತದೆ. ಸುಮಾರು 700 ವ್ಯಾಟಿನವರೆಗೆ 3 ಆಂಪಿಯರ್, ಅದರಾಚೆಗೆ 13 ಎಂಬುದು ಇಲ್ಲಿ ರೂಢಿಯಲ್ಲಿರುವ ಲೆಕ್ಕ. ಊರಿನಿಂದ ತಂದ ಉಪಕರಣದ ತಳದಲ್ಲಿ ವ್ಯಾಟು ಬರೆದಿರುತ್ತದೆ, ಅದನ್ನು 230ರಿಂದ ಭಾಗಿಸಿ ನೋಡಿ. 750 ವ್ಯಾಟಿನ ಮಿಕ್ಸಿಗೆ 3.3 ಆಂಪಿಯರ್ ಬೇಕು. ಮೋಟಾರು ತಿರುಗಲು ತೊಡಗುವ ಗಳಿಗೆಯಲ್ಲಿ ಇನ್ನೂ ಹೆಚ್ಚು ಎಳೆಯುತ್ತದೆ. ಹಾಗಾಗಿ 3 ಆಂಪಿಯರಿನ ಫ್ಯೂಸು ಅದಕ್ಕೆ ಬಾಳುವುದಿಲ್ಲ, 5 ಸರಿಹೋಗುತ್ತದೆ. ಅಡುಗೆಮನೆಯನ್ನೇ ನಡುಗಿಸುವ 150 ವ್ಯಾಟಿನ ಗ್ರೈಂಡರಿಗೆ ಒಂದು ಆಂಪಿಯರೂ ಬೇಡ. ಸದ್ದು ಮಾಡದೆ ಕೂತಿರುವ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ನಾಲ್ಕಕ್ಕೂ ಹೆಚ್ಚು ಎಳೆಯುತ್ತದೆ. ಸದ್ದನ್ನೂ ತೂಕವನ್ನೂ ನೋಡಿ ಕರೆಂಟನ್ನು ಅಳೆಯುವುದು ನಮ್ಮಲ್ಲಿ ಬಹಳ ಜನರ ಅಭ್ಯಾಸ, ಆದರೆ ಕಾಯಿಸುವ ಸಾಮಾನುಗಳೇ ನಿಜವಾದ ಹಸಿದ ಹೊಟ್ಟೆಗಳು.

ಇನ್ನು ಅತಿ ಸಾಮಾನ್ಯವಾದ, ನನ್ನ ಮಟ್ಟಿಗೆ ಅತಿ ಕಳವಳದ ಅಭ್ಯಾಸಕ್ಕೆ ಬರುತ್ತೇನೆ. ಎರಡು ದುಂಡು ಪಿನ್ನಿನ ಪ್ಲಗ್ಗನ್ನು ಇಲ್ಲಿಯ ಸಾಕೆಟ್ಟಿಗೆ ಹಾಕಬೇಕಾದಾಗ ಮೇಲಿನ ಅರ್ತ್ ತೂತಿಗೆ ಪೆನ್ನಿನ ಮುಚ್ಚಳವನ್ನೋ ಸ್ಕ್ರೂಡ್ರೈವರನ್ನೋ ತೂರಿಸಿ, ಮುಚ್ಚಳ ತೆರೆದೊಡನೆ ಕೆಳಗೆ ಪ್ಲಗ್ಗನ್ನು ಒತ್ತುವುದು. ಊರಿನ ಬೋರ್ಡುಗಳಲ್ಲೂ ಇದನ್ನು ಮಾಡುವವರಿದ್ದಾರೆ, ಕೆಲಸವೂ ಆಗುತ್ತದೆ. ಇಲ್ಲಿಯೂ ಚಾರ್ಜರು ಹತ್ತುತ್ತದೆ, ಟ್ರಿಮ್ಮರು ಓಡುತ್ತದೆ. ಆದರೆ ಹಾಗೆ ಮಾಡಿದಾಗ ಮಕ್ಕಳಿಗಾಗಿ ಇಟ್ಟ ಮುಚ್ಚಳವನ್ನಷ್ಟೇ ಅಲ್ಲ, ಫ್ಯೂಸನ್ನೂ ದಾಟಿದಂತಾಯಿತು. ತೆಳು ವೈರು ನೇರವಾಗಿ 32 ಆಂಪಿಯರಿನ ಉಂಗುರಕ್ಕೆ ಅಂಟಿಕೊಂಡಿತು. ದುಂಡು ಪಿನ್ನಿಗೆ ಚಪ್ಪಟೆ ಸಂಪರ್ಕ ಪೂರ್ತಿ ಕಚ್ಚುವುದಿಲ್ಲ. ಸಡಿಲ ಸಂಪರ್ಕ ಎಂದರೆ ಶಾಖ. ಅಗ್ಗದ ಟ್ರಾವೆಲ್ ಅಡಾಪ್ಟರುಗಳ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಎಷ್ಟೋ ಅಡಾಪ್ಟರುಗಳು ಅರ್ತನ್ನು ಮುಂದಕ್ಕೆ ದಾಟಿಸುವುದೇ ಇಲ್ಲ. ಹಾಗಾದರೆ ಲೋಹದ ಮೈಯ ಇಸ್ತ್ರಿಪೆಟ್ಟಿಗೆಯ ಮೂರನೆಯ ಪಿನ್ನು ಇದ್ದೂ ಇಲ್ಲದಂತೆ. ಅವು ವಾರದ ಪ್ರವಾಸಕ್ಕೆ ಫೋನು ಚಾರ್ಜು ಮಾಡಲು ಇರುವಂಥವು, ದಿನಾ ಚಟ್ನಿ ಅರೆಯಲು ಅಲ್ಲ. ಇನ್ನೊಂದು ಎಚ್ಚರಿಕೆ: ಕೆಲವು ಮನೆ, ಹೋಟೆಲುಗಳ ಗೋಡೆಯ ಬುಡದಲ್ಲಿ ನಮ್ಮೂರಿನದೇ ಅನ್ನಿಸುವ ಸಣ್ಣ ದುಂಡು ಪಿನ್ನಿನ ಸಾಕೆಟ್ಟು ಕಾಣಬಹುದು. ಅದು ಹಳೆಯ ಬಿಎಸ್ 546ರ 5 ಆಂಪಿಯರಿನದೇ ಹೌದು. ಆದರೆ ಅದಿರುವುದು ಟೇಬಲ್ ಲ್ಯಾಂಪಿಗಾಗಿ, ದೀಪದ ಸರ್ಕ್ಯೂಟಿನ ಮೇಲೆ, ಕೆಲವೊಮ್ಮೆ ಬೆಳಕು ತಗ್ಗಿಸುವ ಡಿಮ್ಮರಿನ ಹಿಂದೆ. ಗುರುತಿನ ಮುಖ ಕಂಡಿತೆಂದು ಖುಷಿಯಿಂದ ಮಿಕ್ಸಿಯನ್ನು ಅಲ್ಲಿಗೆ ಸಿಕ್ಕಿಸಬೇಡಿ.

ಇದಕ್ಕೆ ಬರುವ ಮೊದಲ ಆಕ್ಷೇಪ: ಬೋರ್ಡಿನಲ್ಲಿ ಎಂಸಿಬಿ ಇದೆ, ಆರ್‌ಸಿಡಿ ಇದೆ, ಏನಾದರೂ ಆದರೆ ಅವೇ ಟ್ರಿಪ್ ಆಗುತ್ತವಲ್ಲ? ಆಗುತ್ತವೆ, ಆದರೆ ತಂತಮ್ಮ ಕೆಲಸಕ್ಕೆ. ಎಂಸಿಬಿ ಕಾಯುವುದು ಗೋಡೆಯೊಳಗಿನ ದಪ್ಪ ವೈರನ್ನು. ಆರ್‌ಸಿಡಿ ಗಮನಿಸುವುದು ಹೋದ ಕರೆಂಟು ಪೂರ್ತಿ ಹಿಂದಿರುಗಿತೇ, ಇಲ್ಲಾ ಯಾರದೋ ಮೈಯಿಂದಲೋ ಲೋಹದಿಂದಲೋ ನೆಲಕ್ಕೆ ಸೋರಿತೇ ಎಂಬುದನ್ನು. 3 ಆಂಪಿಯರಿನ ವೈರಿನಲ್ಲಿ 15 ಆಂಪಿಯರ್ ಹರಿದು ಅಷ್ಟೇ ಹಿಂದಿರುಗುತ್ತಿದ್ದರೆ ಇಬ್ಬರ ಲೆಕ್ಕದಲ್ಲೂ ಎಲ್ಲ ಸರಿಯಾಗಿದೆ. ಆ ನಡುವಿನ ಜಾಗವನ್ನು ನೋಡಿಕೊಳ್ಳಲು ಪ್ಲಗ್ಗಿನ ಫ್ಯೂಸು ಬಿಟ್ಟರೆ ಬೇರೆ ಯಾರೂ ಇಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ವಿಷಯ ಬಲ್ಲವರಿಂದಲೇ ಬರುವಂಥದ್ದು. ಯುರೋಪಿನ ಇತರ ಬಹುತೇಕ ದೇಶಗಳಲ್ಲಿ ಪ್ಲಗ್ಗಿನೊಳಗೆ ಫ್ಯೂಸೇ ಇಲ್ಲ, 16 ಆಂಪಿಯರಿನ ಸರ್ಕ್ಯೂಟಿಗೆ ನೇರವಾಗಿ ಸೇರಿಸುತ್ತಾರೆ. ಇವತ್ತಿನ ಉಪಕರಣಗಳ ವೈರು ಅದಕ್ಕೆ ತಕ್ಕಂತೆಯೇ ಇರುತ್ತದೆ. ಹಾಗಿರುವಾಗ ಎಲ್ಲದಕ್ಕೂ 13 ಹಾಕಿದರೆ ತಪ್ಪೇನು? ಇಲ್ಲಿ ಅಂಗಡಿಯಿಂದ ಹೊಸದಾಗಿ ಕೊಂಡ ಸಾಮಾನಿನ ಮಟ್ಟಿಗೆ ಈ ವಾದದಲ್ಲಿ ಹುರುಳಿದೆ. 1994ರ ನಿಯಮಗಳ ಪ್ರಕಾರ ಮನೆಬಳಕೆಯ ಉಪಕರಣವನ್ನು ಪ್ಲಗ್ಗು ಹಾಕಿಯೇ ಮಾರಬೇಕು, ತಯಾರಕರು ಹಾಕಿದ ಫ್ಯೂಸಿನ ಗೊಡವೆಗೆ ನಾವು ಹೋಗುವ ಅಗತ್ಯವೂ ಇಲ್ಲ. ಆದರೆ ನಮ್ಮ ಪ್ರಶ್ನೆ ಇರುವುದು ಊರಿನಿಂದ ಬಂದ, ನಾವೇ ಪ್ಲಗ್ಗು ಬದಲಿಸುವ ಸಾಮಾನಿನದು. ಅದು ಊರಿನಲ್ಲಿ ಸಣ್ಣ ಪ್ಲಗ್ಗಿನಲ್ಲಿ ಬಂದಿದ್ದರೆ ಅದರ ವೈರು 6 ಆಂಪಿಯರಿನ ಲೆಕ್ಕಕ್ಕಷ್ಟೇ ಇರುವುದು ಸಹಜ. 0.75 ಚದರ ಮಿಲಿಮೀಟರಿನ ವೈರಿಗೆ ಇಲ್ಲಿಯ ಲೆಕ್ಕದಲ್ಲೂ 6 ಆಂಪಿಯರೇ ಮಿತಿ, 0.5ರದಕ್ಕೆ 3 ಮಾತ್ರ. ಅದರ ತುದಿಗೆ 13 ಆಂಪಿಯರಿನ ಫ್ಯೂಸು ಹಾಕಿದರೆ ಕಾವಲಿಗೆ ನಿಂತವನೇ ಮಲಗಿದಂತೆ. ಫ್ಯೂಸು ಹೋದಾಗ ದೊಡ್ಡದು ಹಾಕುವುದು, ಅದಕ್ಕಿಂತ ಕೆಟ್ಟದ್ದಾಗಿ ಬೆಳ್ಳಿಕಾಗದ ಸುತ್ತಿ ಹಾಕುವುದು, ಇವೆರಡನ್ನೂ ಯಾವ ಕಾರಣಕ್ಕೂ ಮಾಡಬಾರದು. ಸರಿಯಾದ ಫ್ಯೂಸು ಮತ್ತೆ ಮತ್ತೆ ಹೋಗುತ್ತಿದ್ದರೆ ರಿಪೇರಿ ಬೇಕಾದದ್ದು ಉಪಕರಣಕ್ಕೆ.

ಫ್ಯೂಸಿನ ಮೇಲೆ ಅತಿಯಾದ ನಂಬಿಕೆಯೂ ಸಲ್ಲದು. ಚಳಿಗಾಲ ಬಂದಾಗ ಇದು ಗೊತ್ತಾಗುತ್ತದೆ. ನಾಲ್ಕು ಸಾಕೆಟ್ಟಿನ ಎಕ್ಸ್‌ಟೆನ್ಷನ್ ಬೋರ್ಡು ಎಂದರೆ ನಾಲ್ಕು ಹದಿಮೂರಲ್ಲ. ಅದರ ಪ್ಲಗ್ಗೊಂದೇ ಆದ್ದರಿಂದ ನಾಲ್ಕೂ ಸೇರಿ 13 ಆಂಪಿಯರ್, ಅಂದರೆ ಸುಮಾರು 2990 ವ್ಯಾಟ್. 2000 ವ್ಯಾಟಿನ ಹೀಟರೂ 3000 ವ್ಯಾಟಿನ ಕೆಟಲೂ ಒಂದೇ ಬೋರ್ಡಿನಲ್ಲಿದ್ದರೆ ಹರಿಯುವುದು 21 ಆಂಪಿಯರಿಗೂ ಹೆಚ್ಚು. ಆಗ ಫ್ಯೂಸು ತಟ್ಟನೆ ಹೋಗುತ್ತದೆ ಎಂದುಕೊಂಡರೆ ತಪ್ಪು. ಮಿತಿಯನ್ನು ಸ್ವಲ್ಪ ಮೀರಿದ ಕರೆಂಟನ್ನು ಅದು ಎಷ್ಟೋ ನಿಮಿಷ ಸಹಿಸಿಕೊಳ್ಳುತ್ತದೆ, ಅಷ್ಟರಲ್ಲಿ ಪ್ಲಗ್ಗಿನ ಪ್ಲಾಸ್ಟಿಕ್ಕು ಕಂದಿಹೋಗಬಹುದು. ಗೋಡೆಯ ಜೋಡಿ ಸಾಕೆಟ್ಟನ್ನೂ ಎರಡೂ ಸೇರಿ 20 ಆಂಪಿಯರಿಗೆ ಮಾತ್ರ ಪರೀಕ್ಷಿಸಿರುತ್ತಾರೆ; ಬಟ್ಟೆ ಒಗೆಯುವ ಯಂತ್ರವನ್ನೂ ಒಣಗಿಸುವ ಯಂತ್ರವನ್ನೂ ಒಂದೇ ಜೋಡಿಯಲ್ಲಿ ಗಂಟೆಗಟ್ಟಲೆ ಓಡಿಸುವುದು ಅದಕ್ಕೆ ಭಾರ. ಮೂರು ಪಿನ್ನಿನ ಪ್ಲಗ್ಗಿನಿಂದ ಕಾರು ಚಾರ್ಜು ಮಾಡುವ ಕೇಬಲ್ಲುಗಳನ್ನು ಸಾಮಾನ್ಯವಾಗಿ 10 ಆಂಪಿಯರಿಗೇ ಕಟ್ಟಿಹಾಕಿರುವುದನ್ನು ಗಮನಿಸಿ: ರಾತ್ರಿಯಿಡೀ 13 ಎಳೆಯುವುದು ಬೇಡ ಎಂದು ತಯಾರಕರೇ ಹಿಂದೆ ಸರಿದಿದ್ದಾರೆ. ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ಕೇಬಲ್ಲಾದರೆ ಪೂರ್ತಿ ಬಿಚ್ಚಿಯೇ ಬಳಸಿ. ಸುತ್ತಿದ್ದಾಗಿನ ಮಿತಿ ಬಿಚ್ಚಿದಾಗಿನದಕ್ಕಿಂತ ಬಹಳ ಕಡಿಮೆ ಎಂದು ಅದರ ಮೈಮೇಲೆಯೇ ಬರೆದಿರುತ್ತದೆ.

ಸ್ನಾನದ ಮನೆಯಲ್ಲಿ ಗೀಸರಿನ ಪ್ಲಗ್ಗನ್ನು ಹುಡುಕಿ ಸೋತವರಿಗೂ ಇದೇ ಲೆಕ್ಕ ಉತ್ತರ ಕೊಡುತ್ತದೆ. 9.5 ಕಿಲೋವ್ಯಾಟಿನ ಎಲೆಕ್ಟ್ರಿಕ್ ಶವರ್ 41 ಆಂಪಿಯರ್ ಎಳೆಯುತ್ತದೆ. ಅದು ಯಾವ ಪ್ಲಗ್ಗಿಗೂ ನಿಲುಕುವುದಿಲ್ಲ, ಬೋರ್ಡಿನಿಂದ ಅದಕ್ಕೇ ಮೀಸಲಾದ ವೈರು ಬರುತ್ತದೆ. ಅಲ್ಲಿರುವ ಶೇವರ್ ಸಾಕೆಟ್ಟು ಶೇವರಿಗೆ, ಹಲ್ಲುಜ್ಜುವ ಬ್ರಷ್ಷಿಗೆ ಮಾತ್ರ. ಅಂಬೆಗಾಲಿಡುವ ಮಗುವಿದ್ದರೆ ಸಾಕೆಟ್ಟಿಗೆ ಪ್ಲಾಸ್ಟಿಕ್ ಬಿರಡೆ ಕೊಳ್ಳಲು ಹೋಗಬೇಡಿ. ಸಾಕೆಟ್ಟಿಗೆ ಒಳಗೇ ಮುಚ್ಚಳವಿದೆ, ತಲೆಕೆಳಗಾಗಿ ಸಿಕ್ಕಿಸಿದ ಬಿರಡೆ ಆ ಮುಚ್ಚಳವನ್ನೇ ತೆರೆದಿಡಬಹುದು. ಇಂಥವನ್ನು ಆಸ್ಪತ್ರೆಗಳಲ್ಲಿ ಬಳಸಬಾರದೆಂದು ಆರೋಗ್ಯ ಇಲಾಖೆಯೇ 2016ರಲ್ಲಿ ಎಚ್ಚರಿಸಿತ್ತು.

ಹಾಗಾದರೆ ಊರಿನ ಮಿಕ್ಸಿಗೆ ಏನು ಮಾಡುವುದು? ಪ್ಲಗ್ಗನ್ನು ಕತ್ತರಿಸಿ ಬಿಎಸ್ 1363 ಎಂದು ಅಚ್ಚಾಗಿರುವ ಹೊಸದನ್ನು ಹಾಕಿಸುವುದೇ ಸರಿ. ಹಸಿರು-ಹಳದಿ ಪಟ್ಟೆಯ ವೈರು ಮೇಲಿನ ಅರ್ತ್ ಪಿನ್ನಿಗೆ, ಕಂದು ಬಣ್ಣದ ಲೈವ್ ವೈರು ಫ್ಯೂಸಿನ ಪಕ್ಕದ ಪಿನ್ನಿಗೆ, ನೀಲಿ ನ್ಯೂಟ್ರಲ್ ಉಳಿದದ್ದಕ್ಕೆ. ಹಳೆಯ ಸಾಮಾನಿನಲ್ಲಿ ಕೆಂಪು, ಕಪ್ಪು, ಹಸಿರು ಕಂಡರೆ ಕೆಂಪು ಲೈವ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಹೊರಗಿನ ಕವಚ ಹಿಡಿಕೆಯೊಳಗೆ ಬಿಗಿಯಾಗಿ ಕೂತಿರಬೇಕು, ಹೊಸ ಪ್ಲಗ್ಗಿನೊಂದಿಗೆ ಬಂದ 13ರ ಫ್ಯೂಸನ್ನು ತೆಗೆದು 5ರದನ್ನು ಹಾಕಬೇಕು. ಕೈ ನಡುಗುವವರು, ಬಣ್ಣ ಗೊತ್ತಾಗದವರು ಎಲೆಕ್ಟ್ರಿಷಿಯನ್ನರಿಗೆ ಕೊಟ್ಟು ಮಾಡಿಸಿಕೊಳ್ಳಿ. ಬಾಡಿಗೆ ಮನೆಯ ವೈರಿಂಗಿನ ಬಗ್ಗೆಯೇ ಸಂಶಯವಿದ್ದರೆ ಸಂಕೋಚ ಬೇಡ: ಇಂಗ್ಲೆಂಡಿನಲ್ಲಿ 2020ರ ನಿಯಮದಂತೆ ಮನೆ ಮಾಲೀಕರು ಕನಿಷ್ಠ ಐದು ವರ್ಷಕ್ಕೊಮ್ಮೆ ಅರ್ಹರಿಂದ ತಪಾಸಣೆ ಮಾಡಿಸಬೇಕು, ಅದರ ವರದಿಯ ಪ್ರತಿಯನ್ನು ಹೊಸ ಬಾಡಿಗೆದಾರರಿಗೆ ಮನೆಗೆ ಬರುವ ಮೊದಲೇ ಕೊಡಬೇಕು. ಕೊಟ್ಟಿಲ್ಲವಾದರೆ ಇವತ್ತೇ ಕೇಳಿ ಪಡೆಯಿರಿ.