ಅಲ್ಲೇ ಹೇಳಿಬಿಡಿ

ಊರಿನಿಂದ ತಂಡ ಕಟ್ಟಿಕೊಂಡು ಯುರೋಪಿಗೆ ಹೋಗಿಬರುವುದು ನನ್ನ ಕಸುಬು. ಬೆಂಗಳೂರು, ಮೈಸೂರಿನವರ ಜೊತೆಗೆ ತಿಪಟೂರು, ದಾವಣಗೆರೆ, ಗೋಕಾಕದ ಕಡೆಯವರೂ ಈಗ ಬರುತ್ತಾರೆ. ಹೆಚ್ಚಿನವರು ಅರವತ್ತು ದಾಟಿದವರು. ಮಕ್ಕಳ ಮದುವೆ, ಮನೆಯ ಸಾಲ ಎಲ್ಲ ಮುಗಿಸಿ, ಕೂಡಿಟ್ಟ ದುಡ್ಡಿನಲ್ಲಿ ಮೊದಲ ಸಲ ಹೊರದೇಶ ನೋಡಲು ಹೊರಟವರು. ಇವರ ಪ್ರವಾಸವನ್ನು ದೊಡ್ಡ ಆಪತ್ತು ಕೆಡಿಸಿದ್ದನ್ನು ನಾನು ನೋಡಿದ್ದು ಅಪರೂಪ. ಪೆಟ್ಟಿಗೆಯ ಚಕ್ರ ಮುರಿದದ್ದು, ತಲೆ ಸುತ್ತಿದ್ದು, ಪರ್ಸು ಹೋದದ್ದು, ಇಂಥ ಸಣ್ಣ ಸಂಗತಿಯನ್ನು ಆ ಹೊತ್ತಿಗೆ ಯಾರಿಗೂ ಹೇಳದೆ ನುಂಗಿಕೊಂಡು, ಸಂಜೆಯ ಹೊತ್ತಿಗೆ ಅದು ದೊಡ್ಡದಾಗಿ ನಿಂತದ್ದನ್ನು ಮಾತ್ರ ಮತ್ತೆ ಮತ್ತೆ ನೋಡಿದ್ದೇನೆ. “ಎಲ್ಲರಿಗೂ ಯಾಕೆ ತೊಂದರೆ ಅಂತ ಸುಮ್ಮನಿದ್ದೆ” ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದ ಬಂದ ಮಾತೇ ಅದು. ಆದರೆ ಪರದೇಶದಲ್ಲಿ ನಮ್ಮವರನ್ನು ಅತಿ ಹೆಚ್ಚು ಕಾಡುವುದು ಈ ಸಂಕೋಚ ಎಂದು ನನಗೆ ಖಾತ್ರಿಯಾಗಿದೆ.

1. ಪೆಟ್ಟಿಗೆ ಒಡೆದಿದ್ದರೆ ವಿಮಾನ ನಿಲ್ದಾಣದ ಒಳಗಿರುವಾಗಲೇ ಹೇಳಿ

ದಾವಣಗೆರೆಯ ಒಬ್ಬ ಅಮ್ಮನ ಸೂಟ್‌ಕೇಸು ರೋಮಿನಲ್ಲಿ ಬೆಲ್ಟಿನ ಮೇಲೆ ಬಂದಾಗ ಜಿಪ್ ಕಿತ್ತುಹೋಗಿತ್ತು, ಹಿಡಿ ಮುರಿದಿತ್ತು. ಅವರು ತಮ್ಮ ಶಾಲು ಬಿಚ್ಚಿ ಅದರ ಸುತ್ತ ಎರಡು ಸುತ್ತು ಬಿಗಿದು, ಗಂಟು ಹಾಕಿ, ಏನೂ ಆಗಿಲ್ಲವೆಂಬಂತೆ ತಳ್ಳಿಕೊಂಡು ಬಸ್ ಹತ್ತಿದರು. ನನಗೆ ಗೊತ್ತಾದದ್ದು ಹೋಟೆಲಿನಲ್ಲಿ, ಅದೂ ಪಕ್ಕದ ಕೋಣೆಯವರು ಹೇಳಿದ ಮೇಲೆ.

ಲಗೇಜ್ ಬರುವ ಹಾಲಿನಲ್ಲೇ ವಿಮಾನ ಕಂಪನಿಗಳ ಲಗೇಜ್ ಕೌಂಟರ್ ಇರುತ್ತದೆ. ಪೆಟ್ಟಿಗೆ ಬರದಿದ್ದರೂ, ಒಡೆದು ಬಂದರೂ ಅಲ್ಲಿ ಒಂದು ವರದಿ ಬರೆಸಬೇಕು. ಅದನ್ನು ಪಿಐಆರ್ ಅನ್ನುತ್ತಾರೆ. ಅದರ ಮೇಲೆ ಒಂದು ಉಲ್ಲೇಖ ಸಂಖ್ಯೆ ಕೊಡುತ್ತಾರೆ, ಮುಂದಿನ ಎಲ್ಲ ವಿಚಾರಣೆಗೂ ಅದೇ ಆಧಾರ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಪೆಟ್ಟಿಗೆ ಹಾಳಾಗಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದಿದ್ದರೆ ಬಂದ ದಿನದಿಂದ 21 ದಿನದೊಳಗೆ ಬರೆದು ದೂರು ಕೊಡಬಹುದು. ಭಾರತವೂ ಈ ಒಪ್ಪಂದಕ್ಕೆ ಸೇರಿದೆ. ಹಾಗಾಗಿ ಆ ಅಮ್ಮನ ದಾರಿ ಪೂರ್ತಿ ಮುಚ್ಚಿರಲಿಲ್ಲ. ಆದರೆ ತಕರಾರಿಲ್ಲದೆ ಪೆಟ್ಟಿಗೆ ತೆಗೆದುಕೊಂಡು ಆಚೆ ಬಂದಿರೆಂದರೆ ಅದು ಸುಸ್ಥಿತಿಯಲ್ಲಿತ್ತು ಅನ್ನುವುದೇ ಲೆಕ್ಕ. ಇಲ್ಲ, ವಿಮಾನದಲ್ಲೇ ಮುರಿಯಿತು ಎಂದು ತೋರಿಸುವ ಹೊಣೆ ಆಮೇಲೆ ನಮ್ಮ ತಲೆಗೆ ಬರುತ್ತದೆ. ಬೆಲ್ಟಿನ ಪಕ್ಕದಲ್ಲಿ ನಿಂತು ತೆಗೆದ ಒಂದು ಫೋಟೊ, ಕೌಂಟರಿನಲ್ಲಿ ಕಳೆದ ಇಪ್ಪತ್ತು ನಿಮಿಷ, ಇಷ್ಟಾದರೆ ಮುಗಿಯುತ್ತಿತ್ತು. ತಂಡ ಇಪ್ಪತ್ತು ನಿಮಿಷ ಕಾಯುತ್ತದೆ. ಕಾಯಲೇಬೇಕು.

2. ಬುತ್ತಿಯಲ್ಲಿ ಏನಿದೆ ಎಂದು ಮುಚ್ಚಿಡಬೇಡಿ

ಚಟ್ನಿಪುಡಿ, ಅವಲಕ್ಕಿ, ಕೋಡುಬಳೆ, ಪುಳಿಯೋಗರೆ ಪುಡಿ ಇವುಗಳಿಂದ ನನಗೆ ಯಾವತ್ತೂ ತಲೆನೋವಾಗಿಲ್ಲ. ತಲೆನೋವು ತರುವುದು ಬೇರೆ ಮೂರು. ಉಪ್ಪಿನಕಾಯಿ, ತುಪ್ಪ, ಗೊಜ್ಜುಗಳನ್ನು ಭದ್ರತಾ ತಪಾಸಣೆಯವರು ದ್ರವದ ಲೆಕ್ಕಕ್ಕೇ ಸೇರಿಸುತ್ತಾರೆ, ಕೈಚೀಲದಲ್ಲಿದ್ದರೆ 100 ಮಿಲಿಲೀಟರಿನ ನಿಯಮ ಅವಕ್ಕೂ ಅನ್ವಯ. ಹೊರಗಿನಿಂದ ಬರುವ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ. ಮನೆಯ ತುಪ್ಪ, ಖೋವಾ ಬೇಡವೆಂದು ನಾನು ಹೊರಡುವ ಮುಂಚೆಯೇ ಹೇಳುವುದು ಅದಕ್ಕೆ. ಮೂರನೆಯದು ಗಸಗಸೆ. ನಮ್ಮಲ್ಲಿ ಪಾಯಸಕ್ಕೆ ಹಾಕುವ ಈ ಪದಾರ್ಥ ದುಬೈ ಮತ್ತು ಸಿಂಗಪುರದಲ್ಲಿ ನಿಷಿದ್ಧ, ಏಕೆಂದರೆ ಅದು ಅಫೀಮಿನ ಗಿಡದ ಬೀಜ. ಹೋಗುವಾಗಲೋ ಬರುವಾಗಲೋ ದುಬೈನಲ್ಲಿ ಮಗನ ಮನೆಗೆ ಹೋಗಿಬರುತ್ತೇವೆ ಅನ್ನುವವರಿಗೆ ಇದನ್ನು ಎರಡು ಸಲ ಹೇಳುತ್ತೇನೆ.

ಗೊತ್ತಿಲ್ಲದೆ ಏನಾದರೂ ಬಂದುಬಿಟ್ಟಿದ್ದರೆ ಕಸ್ಟಮ್ಸಿನವರ ಮುಂದೆ ನೀವೇ ತೆಗೆದಿಡಿ. ಕೇಳುವ ಮುಂಚೆ ಹೇಳಿದವರ ಡಬ್ಬಿ ಹೋಗಬಹುದು, ಮರ್ಯಾದೆ ಹೋಗುವುದಿಲ್ಲ.

3. ತಪ್ಪಿಹೋದವರು ನಿಂತಲ್ಲೇ ನಿಲ್ಲಬೇಕು, ಮುಂದೆ ಹೋದವರು ಹಿಂದೆ ಬರಬೇಕು

ಇದನ್ನು ದಿನಾ ಬೆಳಿಗ್ಗೆ ತಿಂಡಿಯ ಮೇಜಿನ ಹತ್ತಿರ ಹೇಳುತ್ತೇನೆ. ಹೇಳಿಸಿಕೊಂಡು ಬೇಸರವಾದವರೂ ಇದ್ದಾರೆ. ಆದರೂ ಬಿಡುವುದಿಲ್ಲ.

ವೆನಿಸ್ ಹೆಸರಿನ ಎರಡು ದೊಡ್ಡ ನಿಲ್ದಾಣಗಳಿವೆ. ವೆನೆಜಿಯಾ ಮೆಸ್ತ್ರೆ ಇರುವುದು ಈಚೆ ದಡದ ಮಾಮೂಲಿ ಊರಿನಲ್ಲಿ. ವೆನೆಜಿಯಾ ಸಾಂತಾ ಲೂಚಿಯಾ ನೀರಿನ ಆಚೆ, ನಾವು ಚಿತ್ರದಲ್ಲಿ ನೋಡುವ ವೆನಿಸ್‌ನಲ್ಲಿ. ನಡುವೆ ಉದ್ದನೆಯ ಸೇತುವೆ, ಹತ್ತು ನಿಮಿಷದ ಹಾದಿ. ಪಾಡುವಾದಲ್ಲಿ ಉಳಿದುಕೊಂಡು ಬೆಳಿಗ್ಗೆ ಲೋಕಲ್ ರೈಲಿನಲ್ಲಿ ವೆನಿಸ್‌ಗೆ ಹೊರಟಿದ್ದೆವು. ತಿಪಟೂರಿನ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಕಿಟಕಿಯಾಚೆ ವೆನೆಜಿಯಾ ಎಂಬ ಬೋರ್ಡು ಕಂಡದ್ದೇ ಎದ್ದು, ಉಳಿದವರೂ ಹಿಂದೆಯೇ ಬರುತ್ತಾರೆಂದು ಇಳಿದುಬಿಟ್ಟರು. ಬಾಗಿಲು ಮುಚ್ಚಿಕೊಂಡಿತು. ಅವರ ಹೆಂಡತಿ ಬೋಗಿಯ ಆ ತುದಿಯಲ್ಲಿ ಹೆಂಗಸರ ಜೊತೆ ಕೂತಿದ್ದರು. ಸೇತುವೆಯ ಮೇಲೆ ಬಂದಾಗ ಆಕೆ ಎದ್ದು ನಿಂತು, “ನಮ್ಮ ಯಜಮಾನ್ರು ಕಾಣ್ತಿಲ್ಲ. ಅವರ ಫೋನೂ ನನ್ ಬ್ಯಾಗಲ್ಲೇ ಇದೆ” ಅಂದರು.

ಮೇಷ್ಟ್ರು ಪ್ಲಾಟ್‌ಫಾರಂ ಬಿಟ್ಟು ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ಬಾಂಗ್ಲಾದೇಶದ ಹುಡುಗ ಹತ್ತಿರ ಬಂದು ಏನಾಯಿತೆಂದು ಹಿಂದಿಯಲ್ಲಿ ಕೇಳಿದನಂತೆ. ಮೆಸ್ತ್ರೆಯಲ್ಲಿ ಬಾಂಗ್ಲಾದೇಶದವರು ತುಂಬ ಜನ ಇದ್ದಾರೆ, ಪಕ್ಕದ ಮರ್ಗೇರಾದ ಹಡಗು ಕಟ್ಟುವ ಕಾರ್ಖಾನೆಯಲ್ಲಿ ದುಡಿಯುವವರೇ ಅವರಲ್ಲಿ ಬಹಳ. ಮೇಷ್ಟ್ರಿಗೆ ಮೊದಲು ಅನುಮಾನ. ಮೋಸಗಾರರಿರುತ್ತಾರೆ ಎಂದು ಹಿಂದಿನ ದಿನವಷ್ಟೇ ನಾನು ಎಚ್ಚರಿಸಿದ್ದೆ. ಕೊನೆಗೆ ಅಂಗಿಯ ಜೇಬಿನಲ್ಲಿದ್ದ ಚೀಟಿ ತೆಗೆದು ತೋರಿಸಿದರು. ಅದರಲ್ಲಿ ಹೋಟೆಲಿನ ಹೆಸರು, ನನ್ನ ನಂಬರು ಇತ್ತು. ಹುಡುಗ ತನ್ನ ಫೋನಿನಿಂದ ನನಗೆ ಮಾಡಿ, ಮೇಷ್ಟ್ರ ಕೈಗೆ ಕೊಟ್ಟ. ನಾನು ಎದುರಿನ ರೈಲು ಹಿಡಿದು ಮೆಸ್ತ್ರೆಗೆ ಬಂದಾಗ ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು. ನಡುವೆ ಕೋಡುಬಳೆಯ ಪೊಟ್ಟಣ ಬಿಚ್ಚಿತ್ತು. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುತ್ತಿದ್ದವನು, ಅಜ್ಜನನ್ನು ಒಬ್ಬರನ್ನೇ ಬಿಟ್ಟು ಹೋಗಲಾರದೆ ಕೂತೆ ಅಂದ. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಎಚ್ಚರಿಕೆ ಬೇಕು, ನಂಬಿಕೆಯೂ ಬೇಕು. ನಾನು ಕೊಡುವ ಸೂಚನೆ ಇಷ್ಟು. ತಾವಾಗಿ ಬಂದು ನಿಮ್ಮ ಕೈಗೆ ಏನನ್ನಾದರೂ ಕೊಡಲು, ಸಹಿ ಹಾಕಿಸಲು ನೋಡುವವರಿಂದ ದೂರ ಇರಿ. ನಿಮ್ಮ ಮುಖದಲ್ಲಿ ಗಾಬರಿ ಕಂಡು ಏನಾಯಿತೆಂದು ಕೇಳುವವರಿಗೆ ಚೀಟಿ ತೋರಿಸಿ, ಪರ್ಸು ಪಾಸ್‌ಪೋರ್ಟು ಮಾತ್ರ ಕೊಡಬೇಡಿ. ಸುತ್ತಲೂ ಯಾರೂ ಇಲ್ಲದಿದ್ದರೆ 112. ಯುರೋಪಿಯನ್ ಒಕ್ಕೂಟದ ಯಾವ ದೇಶದಲ್ಲಿ ಒತ್ತಿದರೂ ಅದೇ ತುರ್ತು ಸಂಖ್ಯೆ, ಕರೆಗೆ ದುಡ್ಡಿಲ್ಲ. ನಮ್ಮಲ್ಲೂ ಈಗ ಅದೇ ಇರುವುದರಿಂದ ನೆನಪಿಡುವುದು ಸುಲಭ.

ಇಟಲಿಯ ಲೋಕಲ್ ರೈಲಿನ ಕಾಗದದ ಟಿಕೆಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರಮ್ಮಿನ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ದುಡ್ಡು ಕೊಟ್ಟು ಕೊಂಡ ಟಿಕೆಟ್ ಕೈಯಲ್ಲಿದ್ದೂ ಮುದ್ರೆ ಇಲ್ಲದ್ದಕ್ಕೆ ದಂಡ ಬೀಳುತ್ತದೆ.

4. ನೀರು ಕುಡಿಯುವುದನ್ನು ಬಿಡಬೇಡಿ

ಈ ಮಾತನ್ನು ಹೆಂಗಸರಿಗಾಗಿ ಬರೆಯುತ್ತಿದ್ದೇನೆ. ಶೌಚಾಲಯ ಎಲ್ಲಿ ಸಿಗುತ್ತದೋ ಗೊತ್ತಿಲ್ಲ, ಬಸ್ ನಿಲ್ಲಿಸಿ ಎಂದು ಹೇಗೆ ಕೇಳುವುದು ಎಂದು ಬೆಳಗಿನ ಕಾಫಿ ಆದ ಮೇಲೆ ಸಂಜೆಯವರೆಗೆ ಒಂದು ಗುಟುಕು ನೀರು ಕುಡಿಯದ ತಾಯಂದಿರನ್ನು ಪ್ರತಿ ತಂಡದಲ್ಲೂ ಕಾಣುತ್ತೇನೆ. ಜುಲೈ ತಿಂಗಳ ರೋಮಿನ ಬಿಸಿಲು ರಾಯಚೂರಿನವರಿಗೂ ಸುಸ್ತು ಮಾಡಿಸುವಂಥದು. ಮೂರನೇ ದಿನಕ್ಕೆ ಉರಿಮೂತ್ರ, ತಲೆಸುತ್ತು, ಕಾಲಿನ ಸೆಳೆತ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಿಗೆ ಇದು ಇನ್ನೂ ಕೆಟ್ಟದ್ದು.

ಬಸ್ ನಿಲ್ಲುವ ಪ್ರತಿ ಜಾಗದಲ್ಲೂ ಶೌಚಾಲಯ ಎಷ್ಟು ದೂರ, ಎಷ್ಟು ದುಡ್ಡು ಎಂದು ನಾನು ಮೈಕಿನಲ್ಲೇ ಹೇಳುತ್ತೇನೆ. ಅನೇಕ ಕಡೆ 50 ಸೆಂಟಿನಿಂದ ಒಂದು ಯೂರೊ, ಒಂದೊಂದು ಕಡೆ ಅದಕ್ಕೂ ಹೆಚ್ಚು. ಆ ಚಿಲ್ಲರೆಯನ್ನು ಮೊದಲ ದಿನವೇ ಪ್ರತಿಯೊಬ್ಬ ಹೆಂಗಸಿನ ಕೈಗೇ ಕೊಡಿಸುತ್ತೇನೆ. ದುಡ್ಡೆಲ್ಲ ಗಂಡಸರ ಜೇಬಿನಲ್ಲಿದ್ದರೆ ಶೌಚಾಲಯಕ್ಕೆ ಹೋಗಲೂ ಗಂಡನನ್ನು ಹುಡುಕಬೇಕಾಗುತ್ತದೆ. ಯಾವ ತಾಯಿಗೂ ಆ ಪಾಡು ಬರಬಾರದು.

ರೋಮಿನಲ್ಲಿ ಕುಡಿಯುವ ನೀರಿಗೆ ದುಡ್ಡು ಸುರಿಯಬೇಕಾಗಿಲ್ಲ. ‘ನಸೋನಿ’ ಎಂದು ಕರೆಯುವ ಕಬ್ಬಿಣದ ನಲ್ಲಿಕಂಬಗಳು ಎರಡು ಸಾವಿರಕ್ಕೂ ಹೆಚ್ಚಿವೆ. 1874ರಲ್ಲಿ ಶುರುವಾದವು, ಹಗಲೂ ರಾತ್ರಿ ಹರಿಯುತ್ತಲೇ ಇರುತ್ತವೆ, ನೀರು ತಣ್ಣಗಿರುತ್ತದೆ. ಬಾಗಿದ ಕೊಳವೆಯ ಬಾಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ನೀರು ಮೇಲಕ್ಕೆ ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ಮಂಡಿನೋವಿನವರಿಗೆ ಇದನ್ನು ಮಾಡಿ ತೋರಿಸಿದಾಗ ಅವರ ಮುಖ ಅರಳುವುದನ್ನು ನೋಡಬೇಕು.

5. ತಡವಾಗುವುದಾದರೆ ಫೋನ್ ಮಾಡಿ

ರೋಮಿಂಗ್ ಚಾರ್ಜು ಬೀಳುತ್ತದೆಂದು ಫೋನ್ ಮಾಡದೆ, ಕೂಡುವ ಜಾಗ ಹುಡುಕುತ್ತ ಮುಕ್ಕಾಲು ಗಂಟೆ ಅಲೆದವರಿದ್ದಾರೆ. ಅಲ್ಲಿ ಬಸ್ಸಿನ ಚಾಲಕ ನಮ್ಮ ಹಾಗೆ ‘ಅಡ್ಜಸ್ಟ್’ ಮಾಡಿಕೊಳ್ಳುವಂತಿಲ್ಲ. ಒಕ್ಕೂಟದ ಕಾನೂನಿನಂತೆ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು. ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆ ಓಡಿಸಬಹುದು. ರಾತ್ರಿಯ ವಿಶ್ರಾಂತಿಗೂ ಲೆಕ್ಕವಿದೆ. ಟ್ಯಾಕೊಗ್ರಾಫ್ ಎಂಬ ಯಂತ್ರ ಎಲ್ಲವನ್ನೂ ದಾಖಲಿಸುತ್ತದೆ, ಪೊಲೀಸರು ದಾರಿಯಲ್ಲಿ ನಿಲ್ಲಿಸಿ ಅದನ್ನು ನೋಡುತ್ತಾರೆ. ಆಸ್ಟ್ರಿಯಾದಲ್ಲಿ ಒಮ್ಮೆ ನಾವು ಸಂಜೆ ತಡ ಮಾಡಿದ್ದಕ್ಕೆ ಚಾಲಕನ ವಿಶ್ರಾಂತಿ ಮುಗಿಯದೆ ಮರುದಿನ ಬೆಳಿಗ್ಗೆ ಬಸ್ ಹೊರಡಲಿಲ್ಲ. ಎಲ್ಲರೂ ಪೆಟ್ಟಿಗೆಯೊಂದಿಗೆ ಹೋಟೆಲಿನ ಮುಂದೆ ಕಾದೆವು. ಕೆಲವರಿಗೆ ಸಿಟ್ಟು ಬಂತು. ನನಗೆ ಮಾತ್ರ ಆ ಕಾನೂನಿನ ಮೇಲೆ ಗೌರವ ಹೆಚ್ಚಿತು. ನಿದ್ದೆಗೆಟ್ಟ ಚಾಲಕರಿಂದ ನಮ್ಮ ಹೆದ್ದಾರಿಗಳಲ್ಲಿ ಏನಾಗುತ್ತದೆ ಎಂದು ಬೆಳಗಿನ ಪೇಪರು ಓದುವ ಎಲ್ಲರಿಗೂ ಗೊತ್ತು.

6. ಎತ್ತರದಲ್ಲಿ ಮೈ ಹೇಳುವ ಮಾತು ಕೇಳಿ

ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌಯೋಖ್ ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ 1,930. ಹತ್ತಿ ಹೋಗುವುದಾದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ, ಕೇಬಲ್ ಕಾರು ಮತ್ತು ರೈಲಿನಲ್ಲಿ ಹೋದರೆ ಆ ಸಮಯವೇ ಇಲ್ಲ. ಮೇಲೆ ಹಿಮ ಕಂಡೊಡನೆ ಎಲ್ಲರೂ ಮಕ್ಕಳ ಹಾಗೆ ಓಡುತ್ತಾರೆ. ಗದಗಿನ ಒಬ್ಬ ಅಜ್ಜಿ ಮಾತ್ರ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಕೇಳಿದರೆ, “ಏನಿಲ್ಲಪಾ, ನೀವು ನೋಡಿ ಬರ್ರಿ” ಅಂದರು. ಜೊತೆಗಿದ್ದ ಸೊಸೆ ಅವರ ತುಟಿ ಬಿಳುಪೇರಿದ್ದು ಕಂಡು, “ಅತ್ತಿ, ಖರೇ ಹೇಳ್ರಿ” ಎಂದು ಕೈ ಹಿಡಿದಾಗ ತಲೆ ಸಿಡಿಯುತ್ತಿದೆ, ಹೊಟ್ಟೆ ತೊಳಸುತ್ತಿದೆ ಎಂದರು. ಅಲ್ಲಿನ ಸಿಬ್ಬಂದಿಗೆ ಹೇಳಿದ್ದೇ ತಡ, ಕೆಳಗೆ ಹೋಗುವ ಮೊದಲ ರೈಲಿನಲ್ಲೇ ಜಾಗ ಮಾಡಿಕೊಟ್ಟರು. ಎತ್ತರದಿಂದ ಬರುವ ಈ ತೊಂದರೆಗೆ ಮೊದಲ ಮದ್ದು ಕೆಳಗಿಳಿಯುವುದು. ಕೆಳಗೆ ಬಂದು ಸ್ವಲ್ಪ ಹೊತ್ತಿಗೆ ಅಜ್ಜಿ ಚಹಾ ಕೇಳಿದರು. ಹೃದಯದ ತೊಂದರೆ ಇರುವವರು ಊರಿನಲ್ಲೇ ವೈದ್ಯರನ್ನು ಕೇಳಿಕೊಂಡು ಬರಲಿ, ಬೇಡ ಎಂದರೆ ಕೆಳಗಿನ ಗ್ರಿಂಡೆಲ್‌ವಾಲ್ಡ್ ಕಣಿವೆಯಲ್ಲೇ ಒಂದು ದಿನ ಕಳೆಯಲಿ. ಅದೇನೂ ಕಡಿಮೆ ಚೆಲುವಿನ ಜಾಗವಲ್ಲ.

ಅಲ್ಲಿಗೆ ಇಂಟರ್‌ಲಾಕೆನ್ ಓಸ್ಟ್‌ನಿಂದ ಹೊರಡುವ ರೈಲು ತ್ಸ್ವೈಲ್ಯುಟ್ಶಿನೆನ್‌ನಲ್ಲಿ ಎರಡಾಗಿ, ಒಂದು ಭಾಗ ಲೌಟರ್‌ಬ್ರುನೆನ್‌ಗೂ ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೂ ಹೋಗುತ್ತದೆ. ಹತ್ತುವಾಗ ಬೋಗಿಯ ಮೇಲಿನ ಹೆಸರು ಓದಿ. ಓದಲಾಗದಿದ್ದರೆ ಪಕ್ಕದವರನ್ನು ಕೇಳಿ.

7. ಎಟಿಎಮ್ಮಿನಲ್ಲಿ ರೂಪಾಯಿ ಬೇಡ ಅನ್ನಿ

ಯಂತ್ರವೂ ಅಂಗಡಿಯವನೂ ರೂಪಾಯಿಯಲ್ಲಿ ಕಟ್ಟುತ್ತೀರಾ ಎಂದು ಕೇಳುವುದುಂಟು. ಅವರು ಹಿಡಿಯುವ ದರ ಸಾಮಾನ್ಯವಾಗಿ ನಮಗೆ ನಷ್ಟದ್ದು. ಯೂರೊ ಇದ್ದಲ್ಲಿ ಯೂರೊ, ಸ್ವಿಟ್ಜರ್ಲೆಂಡಿನಲ್ಲಿ ಫ್ರಾಂಕ್ ಆರಿಸಿ.

8. ಕಳ್ಳತನವಾದರೆ ನಾಚಿಕೆಪಡಬೇಡಿ

ಪ್ಯಾರಿಸ್ಸಿನ ಮೋಮಾರ್ತ್ ಗುಡ್ಡದ ಮೆಟ್ಟಿಲುಗಳ ಬಳಿ ಕೈಗೆ ದಾರ ಕಟ್ಟಲು ಬರುತ್ತಾರೆ. ಐಫೆಲ್ ಗೋಪುರದ ಹತ್ತಿರ ಸಹಿ ಸಂಗ್ರಹಿಸುವ ಹುಡುಗಿಯರು. ರೋಮಿನಲ್ಲಿ ತೆರ್ಮಿನಿಯಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೇ ನಂಬರಿನ ಬಸ್ಸು ಜೇಬುಗಳ್ಳರಿಗೆ ಹೆಸರಾಗಿದೆ. ಬಲಿಯಾದವರು ವಿದ್ಯಾವಂತರು, ಬ್ಯಾಂಕಿನಲ್ಲಿ ಅಧಿಕಾರಿಗಳಾಗಿದ್ದವರು. ಅವರೇ ಸಂಜೆಯವರೆಗೆ ಹೇಳುವುದಿಲ್ಲ. ಅಷ್ಟರೊಳಗೆ ಕಾರ್ಡಿನಿಂದ ದುಡ್ಡು ಹೋಗಿರುತ್ತದೆ. ಕದ್ದವರು ಅದೇ ಕೆಲಸದಲ್ಲಿ ಪಳಗಿದವರು, ಕಳೆದುಕೊಂಡವರದು ಏನೂ ತಪ್ಪಿಲ್ಲ. ಮೊದಲು ಕಾರ್ಡ್ ಬ್ಲಾಕ್ ಮಾಡಿಸಬೇಕು. ಎಲ್ಲಿ, ಎಷ್ಟು ಹೊತ್ತಿಗೆ ಎಂಬುದು ಆಮೇಲೆ.

ಪಾಸ್‌ಪೋರ್ಟ್ ಹೋದರೆ ಮಾತ್ರ ಆ ಇಡೀ ದಿನ ಅದಕ್ಕೇ ಮೀಸಲು. ಸ್ಥಳೀಯ ಪೊಲೀಸರಲ್ಲಿ ದೂರು ಕೊಟ್ಟು ಅದರ ಪ್ರತಿ ಪಡೆಯಬೇಕು. ಅದನ್ನು ಹಿಡಿದುಕೊಂಡು ಭಾರತದ ರಾಯಭಾರ ಕಚೇರಿಗೋ ಕಾನ್ಸುಲೇಟಿಗೋ ಹೋಗಬೇಕು, ಇಟಲಿಯಲ್ಲಿ ರೋಮ್ ಮತ್ತು ಮಿಲಾನ್‌ನಲ್ಲಿವೆ. ಅವರು ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟ್ ಭಾರತಕ್ಕೆ ಮರಳಲು ಮಾತ್ರ, ಅದನ್ನು ಹಿಡಿದು ಲಂಡನ್ ನೋಡಿ ಬರಲಾಗದು. ಜೊತೆಗಿದ್ದ ಹೆಂಡತಿಯೋ ಗಂಡನೋ ಒಂಟಿಯಾಗಿ ಮುಂದೆ ಹೋಗಲು ಒಪ್ಪುವುದಿಲ್ಲ, ಇಬ್ಬರೂ ವಾಪಸಾಗುತ್ತಾರೆ. ಅಂಥವರನ್ನು ವಿಮಾನಕ್ಕೆ ಹತ್ತಿಸಿ ಬರುವುದು ಈ ಕಸುಬಿನಲ್ಲಿ ನನಗೆ ಅತ್ಯಂತ ಕಷ್ಟದ ಕೆಲಸ. ಅದಕ್ಕೇ ಬೆಂಗಳೂರಿನಲ್ಲೇ ಪ್ರತಿಯೊಬ್ಬರಿಂದ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ ಪುಟ ಇವುಗಳ ಜೆರಾಕ್ಸನ್ನೂ ನಾಲ್ಕು ಫೋಟೊಗಳನ್ನೂ ಕೇಳಿ ಪಡೆಯುತ್ತೇನೆ. ಒಂದು ಪ್ರತಿ ನನ್ನ ಹತ್ತಿರ, ಒಂದು ಅವರ ದೊಡ್ಡ ಪೆಟ್ಟಿಗೆಯಲ್ಲಿ, ಇನ್ನೊಂದು ಊರಿನಲ್ಲಿರುವ ಮಕ್ಕಳ ಫೋನಿನಲ್ಲಿ. ಪಾಸ್‌ಪೋರ್ಟ್ ಇಡುವ ಚೀಲ ಸೊಂಟಕ್ಕೆ, ಅಂಗಿಯ ಅಥವಾ ಸೀರೆಯ ಒಳಗೆ. ದಿನಾ ಬಸ್ ಹತ್ತುವ ಮುಂಚೆ ಮುಟ್ಟಿ ನೋಡಿಕೊಳ್ಳಿ ಎನ್ನುತ್ತೇನೆ. ಕೈಗೆ ಸಿಗಲಿಲ್ಲವೆಂದರೆ ಬಸ್ ಹೊರಡುವ ಮುಂಚೆ ನನ್ನನ್ನು ಕೂಗಬೇಕು.