ಟಿಕೆಟ್ ಹಾಕದೆ ಹೋದವರು

ಬೆಂಗಳೂರಿನ ಮೆಸೇಜಿಂಗ್ ಕಂಪನಿಯೊಂದರಲ್ಲಿ ಬ್ಯಾಕೆಂಡ್ ಪ್ರೋಗ್ರಾಮರ್ ಆಗಿದ್ದ ನಾನು ಡೆವಲಪರ್ ಇವ್ಯಾಂಜೆಲಿಸ್ಟ್ ಹುದ್ದೆಗೆ ಬದಲಾಗಲು ಕಾರಣ ಸಪೋರ್ಟ್ ಟಿಕೆಟ್‌ಗಳು. ಬ್ಯಾಂಕಿನ ಒಟಿಪಿ, ಅಂಗಡಿಯ ಬಿಲ್ಲು, ಬಸ್ ಟಿಕೆಟ್ಟಿನ ವಿವರ ಇವೆಲ್ಲ ಗ್ರಾಹಕರ ಮೊಬೈಲಿಗೆ ಎಸ್‌ಎಂಎಸ್ ಆಗಿ ಹೋಗುವುದು ನಮ್ಮಂಥ ಕಂಪನಿಗಳ ಎಪಿಐ ಮೂಲಕ. ಅದನ್ನು ತಮ್ಮ ಪ್ರೋಗ್ರಾಮಿಗೆ ಜೋಡಿಸುವ ಡೆವಲಪರ್‌ಗಳು ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಟಿಕೆಟ್ ಹಾಕುತ್ತಾರೆ. ಸಪೋರ್ಟಿನವರಿಂದ ಬಗೆಹರಿಯದ್ದು ನಮ್ಮ ಟೀಮಿಗೆ ಬರುತ್ತಿತ್ತು. ಬಹಳಷ್ಟು ಪ್ರೋಗ್ರಾಮರ್‌ಗಳಿಗೆ ಅದು ಕೆಲಸಕ್ಕೆ ಅಡ್ಡಿ. ನನಗೆ ಮಾತ್ರ ದಿನದ ಒಳ್ಳೆಯ ಹೊತ್ತು ಅದೇ. ಮುಖ ನೋಡಿರದ ಒಬ್ಬರು ಎಲ್ಲೋ ಕುಳಿತು, ನಾವು ಬರೆದದ್ದನ್ನು ನಾವು ಊಹಿಸಿರದ ಕೆಲಸಕ್ಕೆ ಬಳಸುತ್ತಿರುತ್ತಾರೆ. ಎಲ್ಲಿ ತಪ್ಪಿದೆಯೆಂದು ಹುಡುಕಿ ಹೇಳಿದರೆ 'ಬಂತು ಸರ್, ಮೆಸೇಜ್ ಬಂತು' ಎಂದು ಬರೆಯುತ್ತಾರೆ. ಆ ಒಂದು ಸಾಲಿನಿಂದ ಸಿಗುತ್ತಿದ್ದ ತೃಪ್ತಿ ನನಗೆ ದೊಡ್ಡ ದೊಡ್ಡ ರಿಲೀಸ್‌ಗಳಲ್ಲೂ ಸಿಕ್ಕಿರಲಿಲ್ಲ.

ಹಾಗಾಗಿ ಕಂಪನಿ ಈ ಹುದ್ದೆ ತೆರೆದಾಗ ಕೈಯೆತ್ತಿದೆ. 'ಕೋಡಿಂಗ್ ಬಿಟ್ಟು ಮಾರ್ಕೆಟಿಂಗಿಗೆ ಹೋಗ್ತೀಯೇನೋ?' ಎಂದರು ಗೆಳೆಯರು. ಊರಿನವರಿಗೆ ಏನೆಂದು ಹೇಳುವುದು ಎಂಬುದು ಅಪ್ಪನ ಚಿಂತೆ. 'ನಮ್ಮ ಕಂಪನಿ ಮಾಡಿದ್ದನ್ನ ಬೇರೆ ಎಂಜಿನಿಯರ್‌ಗಳಿಗೆ ಹೇಳಿಕೊಡೋ ಕೆಲಸ ಅಪ್ಪ' ಎಂದೆ. 'ಹಾಗಾದ್ರೆ ಮೇಷ್ಟ್ರ ಕೆಲಸ ಅನ್ನು' ಎಂದರು ಅಪ್ಪ. ಅವರು ಹೇಳಿದ್ದು ಅರ್ಧ ನಿಜ. ಹೇಳಿಕೊಡುವುದು ಈ ಕೆಲಸದ ಕಣ್ಣಿಗೆ ಕಾಣುವ ಅರ್ಧ. ಕಾಣದ ಅರ್ಧವೇ ಹೆಚ್ಚು ಕಷ್ಟದ್ದು, ಹೆಚ್ಚು ಬೆಲೆಯದ್ದು ಎಂಬುದು ನನ್ನ ಅನುಭವ.

ಈ ಹುದ್ದೆಗೆ ಹೆಸರು ಬಂದದ್ದು ಆ್ಯಪಲ್ ಕಂಪನಿಯಿಂದ. 1984ರ ಜನವರಿಯಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರ್ ಮಾರುಕಟ್ಟೆಗೆ ಬಂದಾಗ ಅದರ ಜೊತೆಗಿದ್ದ ಮುಖ್ಯ ತಂತ್ರಾಂಶಗಳು ಎರಡೇ: ಬರೆಯಲು ಮ್ಯಾಕ್‌ರೈಟ್, ಚಿತ್ರ ಬಿಡಿಸಲು ಮ್ಯಾಕ್‌ಪೇಂಟ್. ಉಳಿದದ್ದನ್ನೆಲ್ಲ ಹೊರಗಿನ ಕಂಪನಿಗಳೇ ಬರೆಯಬೇಕಿತ್ತು. ಯಂತ್ರ ಮಾರಾಟವಾಗದೆ ಯಾರು ಬರೆಯುತ್ತಾರೆ? ತಂತ್ರಾಂಶವಿಲ್ಲದೆ ಯಂತ್ರವನ್ನು ಯಾರು ಕೊಳ್ಳುತ್ತಾರೆ? ಈ ಬಿಕ್ಕಟ್ಟು ಬಿಡಿಸಲು ಆ್ಯಪಲ್ ಇಟ್ಟುಕೊಂಡವರು ಮೈಕ್ ಬೋಯಿಚ್, ಅವರ ಹಿಂದೆಯೇ 1983ರಲ್ಲಿ ಸೇರಿದ ಗೈ ಕವಾಸಾಕಿ. ಯಂತ್ರ ಬಿಡುಗಡೆಯಾಗುವ ಮೊದಲೇ ಅದರ ಮಾದರಿಗಳನ್ನೂ ಕೈಪಿಡಿಗಳನ್ನೂ ತಂತ್ರಾಂಶ ಕಂಪನಿಗಳಿಗೆ ತಲುಪಿಸಿ, ಬರೆಯಲು ಒಪ್ಪಿಸುವುದು ಅವರ ಕೆಲಸ. ಮುಂದೆ ಎಪಿಐ ಮಾರುವ ಕಂಪನಿಗಳು, ಕ್ಲೌಡ್ ಕಂಪನಿಗಳು ಬಂದಂತೆ ಇದು ಎಲ್ಲೆಡೆ ಹಬ್ಬಿತು. ಈಗ ಹಲವು ಕಡೆ ಡೆವಲಪರ್ ಅಡ್ವೊಕೇಟ್ ಎನ್ನುತ್ತಾರೆ, ಇಡೀ ವಿಭಾಗವನ್ನು ಡೆವ್‌ರೆಲ್ ಎನ್ನುತ್ತಾರೆ.

ನಾನು ಸೇರಿದ ಹೊಸತರಲ್ಲಿ ಗುರುವಿನ ಹಾಗೆ ಹಿಡಿದುಕೊಂಡದ್ದು ಗೂಗಲ್‌ನಲ್ಲಿದ್ದ ಕೆಲ್ಸಿ ಹೈಟವರ್ ಅವರ 'ಕ್ಯುಬರ್ನೆಟೀಸ್ ದ ಹಾರ್ಡ್ ವೇ' ಎಂಬ ಪಾಠಮಾಲೆಯನ್ನು. ಒಂದೇ ಗುಂಡಿ ಒತ್ತಿ ಎಲ್ಲ ಸಿದ್ಧಮಾಡಿಕೊಡುವ ಬದಲು ಒಂದೊಂದು ಕಮಾಂಡನ್ನೂ ಕಲಿಯುವವರ ಕೈಯಲ್ಲೇ ಟೈಪ್ ಮಾಡಿಸಿ, ಹಲವು ಕಂಪ್ಯೂಟರ್‌ಗಳ ಮೇಲೆ ಪ್ರೋಗ್ರಾಮುಗಳನ್ನು ಓಡಿಸುವ ಕ್ಯುಬರ್ನೆಟೀಸ್ ವ್ಯವಸ್ಥೆಯನ್ನು ಕಟ್ಟಿಸುವ ಪಾಠ ಅದು. ಕಷ್ಟವಿರುವಲ್ಲಿ ಕಷ್ಟವಿದೆ ಎಂದೇ ಹೇಳುತ್ತದೆ. ಡೆವಲಪರ್‌ಗಳು ಅಂಥವರನ್ನು ನಂಬುತ್ತಾರೆ.

ಆದರೆ ನನಗೆ ಕಣ್ಣು ತೆರೆಸಿದ ಪಾಠ ಸಿಕ್ಕಿದ್ದು ದಾವಣಗೆರೆ ಕಡೆಯ ಎಂಜಿನಿಯರಿಂಗ್ ಕಾಲೇಜೊಂದರ ಲ್ಯಾಬಿನಲ್ಲಿ. ಮಕ್ಕಳೆಲ್ಲ ನಮ್ಮ ಡಾಕ್ಯುಮೆಂಟೇಶನ್ ತೆರೆದು ಮೊದಲ ಉದಾಹರಣೆಯನ್ನು ಕಾಪಿ ಮಾಡಿ ಓಡಿಸಿದರು. ಒಬ್ಬರಿಗೂ ಮೆಸೇಜ್ ಹೋಗಲಿಲ್ಲ. ಎಲ್ಲರ ಪರದೆಯ ಮೇಲೂ 400, ಬ್ಯಾಡ್ ರಿಕ್ವೆಸ್ಟ್. ಕಾರಣ ಬಹಳ ಸಣ್ಣದು. ಕರ್ಲ್ ಕಮಾಂಡಿನಲ್ಲಿ ಕಳಿಸಬೇಕಾದ ಡೇಟಾವನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಇಟ್ಟಿತ್ತು. ಲಿನಕ್ಸ್‌ನಲ್ಲಿ, ಮ್ಯಾಕ್‌ನಲ್ಲಿ ಅದು ಸರಿ. ವಿಂಡೋಸಿನ ಕಮಾಂಡ್ ಪ್ರಾಂಪ್ಟ್ ಒಂಟಿ ಚಿಹ್ನೆಗೆ ಆ ಅರ್ಥ ಕೊಡುವುದಿಲ್ಲ. ಖಾಲಿ ಜಾಗ ಬಂದಲ್ಲೆಲ್ಲ ಡೇಟಾ ತುಂಡಾಗಿ ಸರ್ವರಿಗೆ ಅರ್ಥವಾಗದ ಚೂರುಗಳು ಹೋಗುತ್ತವೆ. ನಮ್ಮ ಆಫೀಸಿನಲ್ಲಿ ಎಲ್ಲರ ಮೇಜಿನ ಮೇಲಿದ್ದದ್ದು ಮ್ಯಾಕ್. ಆ ಲ್ಯಾಬಿನಲ್ಲಿದ್ದದ್ದೆಲ್ಲ ವಿಂಡೋಸ್.

ದೋಷ ಸರಿಪಡಿಸುವುದು ಕಷ್ಟವಾಗಲಿಲ್ಲ. ನನ್ನನ್ನು ಕಾಡಿದ್ದು ಆ ಹುಡುಗ ಹುಡುಗಿಯರ ಮಾತು. 'ನಮಗೇ ಸರಿಯಾಗಿ ಬರಲ್ಲ ಸರ್' ಎಂದಳು ಮುಂದಿನ ಸಾಲಿನ ವಿದ್ಯಾರ್ಥಿನಿ. ಯಾರೊಬ್ಬರೂ ಕಂಪನಿಯ ಉದಾಹರಣೆ ತಪ್ಪಿರಬಹುದು ಎಂದುಕೊಳ್ಳಲಿಲ್ಲ. ನಾನು ಅಲ್ಲಿ ಇರದಿದ್ದರೆ ಪುಟ ಮುಚ್ಚಿ ಎದ್ದುಹೋಗುತ್ತಿದ್ದರು, ಸಪೋರ್ಟಿಗೆ ಬರೆಯುತ್ತಲೂ ಇರಲಿಲ್ಲ. ಟಿಕೆಟ್ ಹಾಕುವವರು ಹಟ ಹಿಡಿದವರು, ತಮ್ಮ ಮೇಲೆ ಭರವಸೆ ಇರುವವರು, ಇಲ್ಲವೇ ಸಂಬಳ ಪಡೆದು ಆ ಕೆಲಸ ಮುಗಿಸಲೇಬೇಕಾದವರು. ಮೊದಲ ಹತ್ತು ನಿಮಿಷದಲ್ಲೇ ಸೋತು, ತಪ್ಪು ತಮ್ಮದೇ ಎಂದು ನಂಬಿ ಹೋದವರ ಲೆಕ್ಕ ಯಾವ ಕಂಪನಿಯ ರಿಜಿಸ್ಟರಿನಲ್ಲೂ ಇರುವುದಿಲ್ಲ. ಅವರನ್ನು ಹುಡುಕಿಕೊಂಡು ಹೋಗುವುದು, ಅವರು ಎಲ್ಲಿ ನಿಂತರೆಂದು ನೋಡುವುದು, ನೋಡಿದ್ದನ್ನು ವಾಪಸು ಬಂದು ಕಂಪನಿಯೊಳಗೆ ಗಟ್ಟಿಯಾಗಿ ಹೇಳುವುದು: ಇವ್ಯಾಂಜೆಲಿಸ್ಟ್ ಎಂಬುವನ ಕೆಲಸ ಇದು.

ಹೇಳುವುದೂ ಸುಲಭವಲ್ಲ. 'ನಮ್ಮ ಗ್ರಾಹಕರು ಯಾರೂ ವಿಂಡೋಸ್ ಬಳಸಲ್ಲ, ಡೇಟಾ ನೋಡಿ' ಎಂದರು ಪ್ರಾಡಕ್ಟ್ ಮ್ಯಾನೇಜರ್. ಅವರ ಡೇಟಾ ಸರಿಯಾಗಿಯೇ ಇತ್ತು. ವಿಂಡೋಸಿನವರು ಗ್ರಾಹಕರಾಗುವ ಮೊದಲೇ ಹೋಗಿಬಿಟ್ಟಿದ್ದರಲ್ಲ! ವಾದದಿಂದ ಗೆಲ್ಲಲಾಗಲಿಲ್ಲ. ಕಡೆಗೆ ವಿದ್ಯಾರ್ಥಿಗಳ ಅನುಮತಿ ಪಡೆದು ಮಾಡಿಕೊಂಡಿದ್ದ ಸ್ಕ್ರೀನ್ ರೆಕಾರ್ಡಿಂಗ್ ಒಂದನ್ನು ಮೀಟಿಂಗಿನಲ್ಲಿ ಹಾಕಿದೆ. ಕರ್ಸರ್ ಅದೇ ಸಾಲಿನ ಸುತ್ತ ಸುತ್ತುವುದು, ಅದೇ ಕಮಾಂಡನ್ನು ಮತ್ತೆ ಮತ್ತೆ ಓಡಿಸುವುದು, ಕೊನೆಗೆ ಟ್ಯಾಬ್ ಮುಚ್ಚುವುದು. ಅದನ್ನು ನೋಡಿದ ಮೇಲೆ ಯಾರೂ ಡೇಟಾ ಕೇಳಲಿಲ್ಲ. ವಿಂಡೋಸಿಗೆ ಬೇರೆ ಉದಾಹರಣೆ ಬಂತು. 'ಬ್ಯಾಡ್ ರಿಕ್ವೆಸ್ಟ್' ಎಂದು ಸುಮ್ಮನಾಗುತ್ತಿದ್ದ ಸರ್ವರು, ಡೇಟಾ ಎಷ್ಟನೆಯ ಅಕ್ಷರದಲ್ಲಿ ಕೆಟ್ಟಿದೆ, ಏನು ಮಾಡಿದರೆ ಸರಿಹೋಗುತ್ತದೆ ಎಂದು ಹೇಳತೊಡಗಿತು. ನನ್ನ ಯಾವ ಭಾಷಣವೂ ಆ ಎರಡು ಸಾಲಿನ ಎರರ್ ಮೆಸೇಜಿನಷ್ಟು ಜನರಿಗೆ ನೆರವಾಗಿಲ್ಲ ಎಂದು ಈಗಲೂ ನಂಬಿದ್ದೇನೆ.

ಎರಡನೆಯ ದೊಡ್ಡ ಪಾಠ ಕಲಿಸಿದ್ದು ಕನ್ನಡ. ಮಲೆನಾಡಿನ ಸಹಕಾರ ಸಂಘವೊಂದಕ್ಕೆ ತಂತ್ರಾಂಶ ಬರೆಯುತ್ತಿದ್ದ ಯುವಕರೊಬ್ಬರು ಸಭೆ ಮುಗಿದ ಮೇಲೆ ಹತ್ತಿರ ಬಂದು ಕೇಳಿದರು: 'ಸರ್, ಇಂಗ್ಲಿಷ್ ಮೆಸೇಜಿಗೆ ಒಂದರ ದುಡ್ಡು ಹಿಡೀತೀರಿ, ಅದನ್ನೇ ಕನ್ನಡದಲ್ಲಿ ಕಳಿಸಿದ್ರೆ ಮೂರರ ದುಡ್ಡು ಯಾಕೆ?' ವಿವರಿಸಲು ಕಾಗದ ಬೇಕಾಯಿತು. ಒಂದು ಎಸ್‌ಎಂಎಸ್ ಹೊರಬಲ್ಲದ್ದು 140 ಬೈಟ್, ಅಂದರೆ 1120 ಬಿಟ್. ಇಂಗ್ಲಿಷಿನ ಅಕ್ಷರಕ್ಕೆ 7 ಬಿಟ್ ಸಾಕಾದ್ದರಿಂದ 160 ಅಕ್ಷರ ಹಿಡಿಯುತ್ತದೆ. ಕನ್ನಡವನ್ನು ಸಾಮಾನ್ಯವಾಗಿ ಕಳಿಸುವುದು ಯುನಿಕೋಡಿನಲ್ಲಿ, ಪ್ರತಿ ಚಿಹ್ನೆಗೆ 16 ಬಿಟ್. ಹಿಡಿಯುವುದು 70 ಮಾತ್ರ. ಉದ್ದವಾಗಿ ಹಲವು ತುಂಡಾದರೆ ಜೋಡಣೆಯ ಮಾಹಿತಿಗೂ ಜಾಗ ಬೇಕಾಗಿ ತುಂಡಿಗೆ 67ಕ್ಕೆ ಇಳಿಯುತ್ತದೆ. ಅದರಲ್ಲೂ 'ಕನ್ನಡ' ಎಂಬುದು ನಮ್ಮ ಕಣ್ಣಿಗೆ ಮೂರು ಅಕ್ಷರ, ಯುನಿಕೋಡಿಗೆ ಐದು: ಕ, ನ, ಹಲಂತದ ಚಿಹ್ನೆ, ಮತ್ತೆ ನ, ಡ. ಇಡೀ ಇಂಗ್ಲಿಷ್ ಮೆಸೇಜಿನಲ್ಲಿ ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಎಲ್ಲವೂ ಈ 70ರ ಲೆಕ್ಕಕ್ಕೆ ಬೀಳುತ್ತದೆ.

ಆ ಯುವಕರು ದುಡ್ಡು ಉಳಿಸಲೆಂದು ಮೆಸೇಜನ್ನು ತಾವೇ 70ಕ್ಕೆ ಕತ್ತರಿಸಿ ಕಳಿಸುತ್ತಿದ್ದರು. ಒತ್ತಕ್ಷರದ ನಡುವೆ ಕತ್ತರಿ ಬಿದ್ದು ರೈತರ ಮೊಬೈಲಿನಲ್ಲಿ ಪದಗಳು ಒಡೆದು ಕಾಣುತ್ತಿದ್ದವಂತೆ. ಇದೆಲ್ಲ ನಮ್ಮ ಡಾಕ್ಯುಮೆಂಟೇಶನ್‌ನಲ್ಲಿ ಎಲ್ಲೂ ಇರಲಿಲ್ಲ. ಬೆಂಗಳೂರಿಗೆ ಮರಳಿದವನೇ ಅದನ್ನು ಬರೆದೆ; ಮೆಸೇಜ್ ಹಾಕಿದರೆ ಎಷ್ಟು ತುಂಡಾಗುತ್ತದೆ, ಎಷ್ಟು ಖರ್ಚಾಗುತ್ತದೆ ಎಂದು ಮೊದಲೇ ತೋರಿಸುವ ಸಣ್ಣ ಉಪಕರಣವನ್ನೂ ಮಾಡಿದೆ. ತಮಿಳು, ತೆಲುಗು, ಹಿಂದಿಯಲ್ಲಿ ಕಳಿಸುವವರಿಗೂ ಅದು ಬೇಕಾಗಿತ್ತು. ಆ ಪ್ರಶ್ನೆಯನ್ನು ಅವರು ಕೇಳಿದ್ದು ನಾನು ಕನ್ನಡದಲ್ಲಿ ಮಾತಾಡಿದ್ದರಿಂದ. ಆ ಮೇಲೆ ಬೆಂಗಳೂರಿನ ಹೊರಗೆ ಎಲ್ಲೇ ಹೋದರೂ ಕನ್ನಡದಲ್ಲೇ ಮಾತಾಡುತ್ತೇನೆ. ತಾಂತ್ರಿಕ ಪದಗಳು ಇದ್ದ ಹಾಗೇ ಇರುತ್ತವೆ, ವಾಕ್ಯ ಕನ್ನಡದ್ದು. ಇಂಗ್ಲಿಷಿನಲ್ಲಿ ಮಾತಾಡಿದರೆ ಹಿಂದಿನ ಬೆಂಚುಗಳು ತಲೆ ತಗ್ಗಿಸುತ್ತವೆ, ಕನ್ನಡದಲ್ಲಾದರೆ ಪ್ರಶ್ನೆ ಅಲ್ಲಿಂದಲೇ ಶುರುವಾಗುತ್ತದೆ.

ನಂಬಿಕೆಯ ಪರೀಕ್ಷೆ ಬಂದದ್ದು 2021ರ ಮಾರ್ಚ್ 8ರಂದು. ಬೇಡದ ವಾಣಿಜ್ಯ ಸಂದೇಶಗಳನ್ನು ತಡೆಯಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2018ರಲ್ಲಿ ಹೊರಡಿಸಿದ ನಿಯಮದಂತೆ, ಕಳಿಸುವವರ ಹೆಸರೂ ಮೆಸೇಜಿನ ಮಾದರಿಯೂ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ವ್ಯವಸ್ಥೆಯಲ್ಲಿ ನೋಂದಣಿಯಾಗಿರಬೇಕು. ಮಾದರಿಗೆ ಹೊಂದದ್ದು ಮುಂದೆ ಹೋಗದು. ಆ ತಪಾಸಣೆ ಪೂರ್ತಿ ಜಾರಿಯಾದ ದಿನ ಅದು. ದೇಶದಾದ್ಯಂತ ಒಟಿಪಿಗಳು ನಿಂತವು, ಬ್ಯಾಂಕಿನ ವ್ಯವಹಾರಗಳು ಸಿಕ್ಕಿಕೊಂಡವು, ಟ್ರಾಯ್ ತಪಾಸಣೆಯನ್ನು ಒಂದು ವಾರ ತಡೆಹಿಡಿಯಿತು. ನಮ್ಮ ಎಪಿಐ ಬಳಸುವ ಡೆವಲಪರ್‌ಗಳು ಕಂಪನಿಯ ನಂಬರಿಗೆ ಮಾಡುವ ಮೊದಲು ನನಗೆ ಫೋನ್ ಮಾಡಿದರು. 'ಶೀಘ್ರದಲ್ಲೇ ಸರಿಹೋಗಲಿದೆ' ಎಂಬ ಒಂದು ಸಾಲನ್ನಷ್ಟೇ ಹಾಕೋಣ ಎಂಬುದು ಮೇಲಿನವರ ಸಲಹೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ನಮಗೆ ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇಷ್ಟು, ಮಾದರಿಯಲ್ಲಿ ಒಂದು ಖಾಲಿ ಜಾಗ ಹೆಚ್ಚುಕಡಿಮೆಯಾದರೂ ಮೆಸೇಜ್ ತಿರಸ್ಕೃತವಾಗಬಹುದು, ಹೀಗೆ ಹೋಲಿಸಿ ನೋಡಿ ಎಂದು ಹಂತಹಂತವಾಗಿ ಬರೆದು ಕಳಿಸಿದೆ. ಹೊಸದು ತಿಳಿದಾಗಲೆಲ್ಲ ಅದನ್ನು ತಿದ್ದುತ್ತ ಹೋದೆ. ಅಂದು ನನ್ನ ಜೊತೆ ಬಹಳ ಹೊತ್ತು ಫೋನಿನಲ್ಲಿದ್ದ ಹಲವರು ಇಂದಿಗೂ ನನ್ನ ಸಭೆಗಳಿಗೆ ಬರುತ್ತಾರೆ. ಡೆವಲಪರ್‌ಗಳು ಸೇವೆ ನಿಂತದ್ದನ್ನು ಕ್ಷಮಿಸುತ್ತಾರೆ, ಮುಚ್ಚಿಟ್ಟದ್ದನ್ನು ಕ್ಷಮಿಸುವುದಿಲ್ಲ.

ವೇದಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅಭ್ಯಾಸದಿಂದ ಬರುವಂಥದ್ದು ಅದು. ಅಕ್ಷರ ಕೊನೆಯ ಸಾಲಿಗೆ ಕಾಣುವಷ್ಟು ದೊಡ್ಡದಿರಲಿ. ಡೆಮೊವನ್ನು ಜನರೆದುರೇ ಟೈಪ್ ಮಾಡಿ ತೋರಿಸಿ, ನೆಟ್ ಕೈಕೊಟ್ಟರೆ ಎಂದು ರೆಕಾರ್ಡಿಂಗ್ ಒಂದನ್ನು ಜೊತೆಗಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಇದನ್ನು ಕಲಿಯಲು ಅವಕಾಶಕ್ಕೇನೂ ಬರವಿಲ್ಲ. ಪೈಕಾನ್ ಇಂಡಿಯಾ 2009ರಲ್ಲಿ ಮೊದಲು ನಡೆದದ್ದೇ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಶನಿವಾರ ಬಂತೆಂದರೆ ಒಂದಲ್ಲ ಒಂದು ಮೀಟಪ್ ಇದ್ದೇ ಇರುತ್ತದೆ.

ಕೆಲಸ ಬದಲಿಸುವ ಮುನ್ನ ಕೇಳಲೇಬೇಕಾದ ಪ್ರಶ್ನೆ ಬೇರೆ: ನೀವು ಯಾರಿಗೆ ರಿಪೋರ್ಟ್ ಮಾಡಬೇಕು? ಮಾರ್ಕೆಟಿಂಗಿಗಾದರೆ ಎಷ್ಟು ಜನ ಬಂದರು, ಎಷ್ಟು ಇಮೇಲ್ ವಿಳಾಸ ಸಿಕ್ಕಿತು ಎಂದು ಎಣಿಸುತ್ತಾರೆ. ಪ್ರಾಡಕ್ಟ್ ಅಥವಾ ಎಂಜಿನಿಯರಿಂಗಿಗಾದರೆ, ಹೊಸಬರೊಬ್ಬರು ಖಾತೆ ತೆರೆದ ಮೇಲೆ ಮೊದಲ ಮೆಸೇಜ್ ಕಳಿಸಲು ಎಷ್ಟು ಹೊತ್ತು ಹಿಡಿಯಿತು ಎಂದು ಕೇಳುವ ಸಾಧ್ಯತೆ ಹೆಚ್ಚು. ಎರಡನೆಯ ಎಣಿಕೆಯೇ ಈ ಕೆಲಸದ ನಿಜವಾದ ಅಳತೆ. 2022–23ರಲ್ಲಿ ತಂತ್ರಜ್ಞಾನ ಕಂಪನಿಗಳು ಉದ್ಯೋಗ ಕಡಿತಕ್ಕೆ ಇಳಿದಾಗ ನನ್ನ ಪರಿಚಯದ ಹಲವು ಇವ್ಯಾಂಜೆಲಿಸ್ಟ್‌ಗಳು ಕೆಲಸ ಕಳೆದುಕೊಂಡರು. ಒಳ್ಳೆಯ ಮಾತುಗಾರರು, ದುಡಿಮೆಗಾರರು. ಅವರಿಂದ ಏನು ಉಪಯೋಗವಾಯಿತೆಂದು ಹೇಳಲು ಅವರ ಕಂಪನಿಗಳ ಬಳಿ ಸರಿಯಾದ ಅಳತೆ ಇರಲಿಲ್ಲ.

ಕೋಡ್ ಬಿಡಬಾರದು ಎಂಬುದು ಮೊದಲಿನಿಂದ ನಾನು ಹಿಡಿದ ಹಟ. ವಾರದಲ್ಲಿ ಒಂದು ದಿನ ಯಾವ ಮೀಟಿಂಗನ್ನೂ ಒಪ್ಪದೆ, ನಮ್ಮ ಎಪಿಐಯನ್ನು ಹೊರಗಿನವನಂತೆ ಬಳಸಿ ಏನಾದರೊಂದು ಕಟ್ಟುತ್ತೇನೆ. ಈಗ ಇದು ಇನ್ನಷ್ಟು ಅಗತ್ಯ. ಹೊಸ ಡೆವಲಪರ್‌ಗಳು ನಮ್ಮ ಪುಟಕ್ಕೆ ಬರುವ ಬದಲು ಎಐ ಸಹಾಯಕನನ್ನು ಕೇಳುತ್ತಾರೆ. ಅದು ಎಷ್ಟೋ ಸಲ ನಾವು ಕೈಬಿಟ್ಟ ಹಳೆಯ ಆವೃತ್ತಿಯ ಕೋಡ್ ಕೊಡುತ್ತದೆ, ಓಡುವುದಿಲ್ಲ, ಅವರು ಬೇರೆ ಕಂಪನಿಯತ್ತ ತಿರುಗುತ್ತಾರೆ. ಮೊದಲು ನಮ್ಮ ಬಾಗಿಲಿಗಾದರೂ ಬಂದು ಹೋಗುತ್ತಿದ್ದರು, ಈಗ ಅದೂ ಇಲ್ಲ. ಹಳೆಯ ಪುಟಗಳನ್ನು ಹುಡುಕಿ ತಿದ್ದುವುದು, ಹಳೆಯ ಆವೃತ್ತಿಗೆ ಕರೆ ಬಂದಾಗ ಹೊಸದರ ದಾರಿ ತೋರಿಸುವ ಉತ್ತರ ಕೊಡಿಸುವುದು ನನ್ನ ಸದ್ಯದ ದೊಡ್ಡ ಕೆಲಸ.

ಈ ಹುದ್ದೆಗೆ ಬರಬೇಕೆಂಬ ಆಸೆಯಿರುವ ಪ್ರೋಗ್ರಾಮರ್‌ಗಳಿಗೆ ಒಂದು ಕೋರಿಕೆ. ಭಾಷಣದ ಸ್ಲೈಡು ಮಾಡುವ ಮೊದಲು ನಿಮ್ಮ ಕಂಪನಿಯ ಉತ್ಪನ್ನವನ್ನು ಎಂದೂ ನೋಡಿರದ ಒಬ್ಬರನ್ನು ಅವರದೇ ಲ್ಯಾಪ್‌ಟಾಪಿನ ಮುಂದೆ ಕೂರಿಸಿ. ಮೊದಲ ಪುಟ ಕೊಡಿ. ಪಕ್ಕದಲ್ಲಿ ಕುಳಿತು, ಬಾಯಿ ತೆರೆಯದೆ, ಅವರು ಎಲ್ಲಿ ನಿಲ್ಲುತ್ತಾರೆಂದು ಬರೆದುಕೊಳ್ಳಿ. ಆಮೇಲೆ ಆ ಪಟ್ಟಿ ಹಿಡಿದು ನಿಮ್ಮ ಟೀಮಿನವರ ಹತ್ತಿರ ಹೋಗಿ, ಒಂದೊಂದೂ ಸರಿಯಾಗುವವರೆಗೆ ಬಿಡಬೇಡಿ. ಇದರಲ್ಲಿ ಖುಷಿ ಸಿಕ್ಕರೆ ಧೈರ್ಯವಾಗಿ ಬನ್ನಿ. ಕಲಬುರಗಿ, ಹಾವೇರಿ, ಚಾಮರಾಜನಗರದ ಲ್ಯಾಬುಗಳಿಗೆ ಹೋಗಬೇಕಾದವರು ಇನ್ನೂ ಬಹಳ ಜನ ಬೇಕು.