ಬುಡದಲ್ಲಿ ಅಣಬೆ ಕಂಡರೆ ಪಕ್ಕದ ಮರ ನೋಡಿ

ಅಡಿಕೆ ಮರದ ಬುಡದಲ್ಲಿ, ಗೋಡೆಗೆ ಹೊಡೆದ ಹಲಗೆಯಂತೆ ಚಾಚಿಕೊಂಡ ಗಟ್ಟಿ ಅಣಬೆ ಕಂಡರೆ ಹೆಚ್ಚಿನವರು ಅದನ್ನು ಕತ್ತಿಯಲ್ಲಿ ಕೊಚ್ಚಿ ಎಸೆದು ಸುಮ್ಮನಾಗುತ್ತಾರೆ. ಅದರಿಂದ ಮರ ಉಳಿಯುವುದಿಲ್ಲ. ಕಾಣುವುದು ಗ್ಯಾನೋಡರ್ಮಾ ಶಿಲೀಂಧ್ರದ ಫಲ ಮಾತ್ರ. ಅದರ ಎಳೆಗಳು ಅಷ್ಟರೊಳಗೆ ಬೇರು ಮತ್ತು ಬುಡವನ್ನು ಒಳಗಿನಿಂದ ಕೊಳೆಸಿರುತ್ತವೆ. ಬೆಳೆಗಾರರು ಅಣಬೆ ರೋಗ ಎನ್ನುವುದು ಇದನ್ನೇ. ತೆಂಗಿಗೂ ತಗಲುತ್ತದೆ.

ಮೊದಲು ಗುರುತು ಹಿಡಿಯಿರಿ. ಎಳೆಯ ಅಣಬೆಯ ಅಂಚು ಬಿಳಿ, ಮೇಲ್ಮೈ ಕೆಂಗಂದು, ಹೊಳಪು. ಅಡಿಭಾಗ ಬಿಳಿ, ಬೆರಳಲ್ಲಿ ತೀಡಿದರೆ ಕಂದಾಗುತ್ತದೆ. ಬಲಿತದ್ದರ ಅಡಿಯ ಸಣ್ಣ ರಂಧ್ರಗಳಿಂದ ಕಂದು ಪುಡಿ ಉದುರುತ್ತದೆ, ಅದೇ ಬೀಜಾಣು. ಮಳೆ ಬಿದ್ದ ಮೇಲೆ ಗೊಬ್ಬರದ ರಾಶಿಯಲ್ಲಿ ಏಳುವ ಮೆತ್ತನೆಯ ಕೊಡೆ ಅಣಬೆಗೆ ಹೆದರಬೇಕಿಲ್ಲ.

ಇನ್ನು ಅಕ್ಕಪಕ್ಕದ ಮರಗಳು. ನೀರು ಸಾಕಷ್ಟಿದ್ದರೂ ಬಾಡಿದಂತಿರುವ, ಹೊರಸುತ್ತಿನ ಸೋಗೆ ಹಳದಿಯಾಗಿ ಕಾಂಡಕ್ಕೆ ಜೋತುಬಿದ್ದ, ಹಿಂಗಾರ ಕಡಿಮೆಯಾದ ಮರಗಳನ್ನು ಗುರುತಿಸಿ ಬಣ್ಣ ಹಚ್ಚಿ. ಬುಡದಿಂದ ಕಂದು ರಸ ಸೋರುತ್ತಿದ್ದರೆ ಅನುಮಾನವೇ ಬೇಡ. ಚಿಕಿತ್ಸೆ ಫಲಿಸುವುದೇನಿದ್ದರೂ ಅಣಬೆ ಹೊರಬರುವ ಮುಂಚಿನ ಈ ಹಂತದಲ್ಲಿ.

ಸತ್ತ ಮರವನ್ನು ಕಡಿದು ಬೊಡ್ಡೆ ಬಿಡಬೇಡಿ. ಬೇರುಸಹಿತ ಅಗೆದು, ತೋಟದೊಳಗೆ ಎಳೆದಾಡದೆ ಅಲ್ಲೇ ಸುಡಿ. ಕೂಲಿ ದುಬಾರಿ ಎಂದು ಬಿಟ್ಟ ಬೊಡ್ಡೆಯೇ ಮುಂದೆ ರೋಗದ ಉಗ್ರಾಣ. ರೋಗ ತಗಲಿಯೂ ನಿಂತಿರುವ ಮರದ ಸುತ್ತ ಎರಡು ಅಡಿ ಆಳ, ಒಂದು ಅಡಿ ಅಗಲದ ಕಂದಕ ತೋಡಿ, ಮಣ್ಣನ್ನು ಆ ಮರದ ಕಡೆಗೇ ಹಾಕಿ. ಹಾಯಿ ನೀರು ಕೊಡುವವರು ರೋಗದ ಮರದ ಬುಡ ದಾಟಿ ಮುಂದಿನದಕ್ಕೆ ನೀರು ಹರಿಯದಂತೆ ನೋಡಿಕೊಳ್ಳಬೇಕು. ನಿಂತ ನೀರಿಗೆ ಬಸಿಗಾಲುವೆ ತೆಗೆಯಿರಿ. ಬುಡದ ಹತ್ತಿರ ಉಳುಮೆ ಬೇಡ, ಗಾಯವಾದ ಬೇರೇ ರೋಗಕ್ಕೆ ಬಾಗಿಲು.

ಸುತ್ತಲಿನ ಮರಗಳಿಗೆ ವರ್ಷಕ್ಕೆ ತಲಾ ಎರಡು ಕೆ.ಜಿ. ಬೇವಿನ ಹಿಂಡಿಗೆ ಟ್ರೈಕೋಡರ್ಮಾ ಬೆರೆಸಿ ಕೊಡಿ.

ಔಷಧಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಹಳೆಯ ಕೈಪಿಡಿಗಳಲ್ಲಿರುವ ಟ್ರೈಡೆಮಾರ್ಫ್ 2018ರಿಂದ ದೇಶದಲ್ಲಿ ನಿಷೇಧಿತ. ಅಂಗಡಿಯ ಮೂಲೆಯಲ್ಲಿ ಸಿಕ್ಕರೂ ಕೊಳ್ಳಬೇಡಿ. ಈಗ ಹೆಕ್ಸಾಕೊನಜೋಲ್ ಬಳಕೆಯಲ್ಲಿದೆ: 100 ಮಿ.ಲೀ. ನೀರಿಗೆ 2 ಮಿ.ಲೀ. ಪೆನ್ಸಿಲ್ ಗಾತ್ರದ ಜೀವಂತ ಬೇರನ್ನು ಓರೆಯಾಗಿ ಕತ್ತರಿಸಿ, ದ್ರಾವಣವಿರುವ ಪ್ಲಾಸ್ಟಿಕ್ ಚೀಲದಲ್ಲಿ ತುದಿ ಮುಳುಗುವಂತೆ ಇಟ್ಟು ಕಟ್ಟಿ. ಮೂರು ತಿಂಗಳಿಗೊಮ್ಮೆ ಹೀಗೆ ಮಾಡಬೇಕು. ತೆಂಗಾದರೆ ಕಾಯಿ ಕಿತ್ತ ಮೇಲೆಯೇ ಕೊಟ್ಟು, 45 ದಿನ ಕೊಯ್ಲು ನಿಲ್ಲಿಸಿ. ನಿಮ್ಮ ಬೆಳೆಗೆ ಪ್ರಮಾಣವೆಷ್ಟೆಂದು ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ.

ಖಾಲಿಯಾದ ಗುಂಡಿಗೆ ತಕ್ಷಣ ಅಡಿಕೆ ಸಸಿ ಬೇಡ, ಸದ್ಯಕ್ಕೆ ಬಾಳೆ ಇರಲಿ. ಬದುವಿನಲ್ಲಿ ಹೊಂಗೆ, ಗುಲ್‌ಮೊಹರ್‌ನ ಹಳೆಯ ಬೊಡ್ಡೆಗಳಿದ್ದರೆ ಅವನ್ನೂ ಕೀಳಿಸಿ. ಈ ಶಿಲೀಂಧ್ರ ಅವುಗಳಲ್ಲೂ ಬದುಕುತ್ತದೆ.